ಅಡಿಕೆ ತಕ್ಕಡಿಯಲ್ಲಿ ಮಾವಯ್ಯ

ನಮ್ಮ ಮಾವಯ್ಯನವರನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ಕೂರಿಸಿ ತೂಗಿದ ಸಂಗತಿ ಶಿರಸಿ ಪೇಟೆಯಲ್ಲಿ ಬಹಳ ದಿನ ಮಾತಾಗಿತ್ತು. ಅದಕ್ಕೆಲ್ಲ ಕಾರಣ ಡಾಕ್ಟರು ಎಂದು ಅತ್ತೆ, ಅತ್ತೆಯ ತುಪ್ಪ ಎಂದು ಡಾಕ್ಟರು, ಇಬ್ಬರೂ ಅಲ್ಲ, ಕಾನಸೂರಿನ ಅಜ್ಜ ಎಂದು ಮಾವಯ್ಯ ಕಡೆಯವರೆಗೂ ವಾದಿಸುತ್ತಿದ್ದರು. ಪ್ರತಿ ಸಲವೂ ಕೊಡೆ ಹಿಡಿದುಕೊಂಡು ತಕ್ಕಡಿಯ ಪಕ್ಕದಲ್ಲಿ ನಿಂತವಳು ಸೊಸೆಯಾದ ನಾನು. ಆದ್ದರಿಂದ ನಡೆದದ್ದನ್ನು ನಾನು ಹೇಳುವುದೇ ಸರಿ.

ಆ ವರ್ಷದ ಬೇಸಿಗೆಯಲ್ಲಿ ಮಾವಯ್ಯನಿಗೆ ಚಳಿಜ್ವರ ಬಂತು. ಜ್ವರ ಬಿಡುವ ಹೊತ್ತಿಗೆ ಅವರ ಅಂಗಿ ಗೂಟಕ್ಕೆ ನೇತುಹಾಕಿದಾಗ ಹೇಗೆ ಕಾಣುತ್ತಿತ್ತೋ ಮೈಮೇಲೆ ಹಾಕಿದಾಗಲೂ ಹಾಗೇ ಕಾಣುತ್ತಿತ್ತು. ಮಾತು ಮಾತ್ರ ಸ್ವಲ್ಪವೂ ಸೊರಗಿರಲಿಲ್ಲ. ಅವರು ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಚಾಪೆಯ ಮೇಲೆ ಕೂತು, ಪುರಾಣದ ಪಾತ್ರವೇ ತಾನಾಗಿ ಎದುರಿನವನ ಜತೆ ವಾದಿಸುವುದು. ಶ್ರಾವಣದಲ್ಲಿ ಕಾನಸೂರಿನಲ್ಲಿ ಒಂದು ಕೂಟ ನಡೆಯುತ್ತಿತ್ತು. ಅಲ್ಲಿ ಮಾವಯ್ಯನ ಎದುರಿಗೆ ಕೂರುವವರು ಯಾವಾಗಲೂ ಒಬ್ಬರೇ, ಕಾನಸೂರಿನ ಅಜ್ಜ. ಮೀಸೆ ಮೂಡುವ ಮೊದಲಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹಂಗಿಸುತ್ತ ಬಂದ ಗೆಳೆಯರು. ವರ್ಷದಲ್ಲಿ ಆ ಒಂದು ದಿನಕ್ಕಾಗಿ ಮಾವಯ್ಯ ಉಳಿದ ದಿನಗಳನ್ನು ಹೇಗೋ ಸಹಿಸಿಕೊಳ್ಳುತ್ತಿದ್ದರು ಎಂದೇ ನನಗನ್ನಿಸುತ್ತಿತ್ತು.

ಡಾಕ್ಟರು ಧಾರವಾಡದ ಕಡೆಯವರು. ಮಾವಯ್ಯನ ರಟ್ಟೆಯನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿ, "ಅಜ್ಜಾರ, ಮೈಯಾಗ ಏನೂ ಉಳದಿಲ್ಲ ನೋಡ್ರಿ. ತೂಕ ಏರಬೇಕು. ಏರಿದ್ರ ಶ್ರಾವಣದಾಗ ಕಾನಸೂರಿಗೆ ಹೋಗ್ರಿ, ಬೇಕಾದಷ್ಟು ಮಾತಾಡ್ರಿ. ಇಳೀತಂದ್ರ ಮನಿ ಅಂಗಳಾ ದಾಟೂಹಂಗಿಲ್ಲ," ಎಂದರು.

"ಅರ್ಥ ಹೇಳೋದಕ್ಕೆ ನಾಲಿಗೆ ಸಾಕಲ್ಲ ಡಾಕ್ಟ್ರೇ, ಮೈ ಎಂತಕ್ಕೆ?"

"ನಾಲಿಗಿ ಮೈಯಾಗ ಐತಲ್ರಿ ಅಜ್ಜಾರ."

ಮಾವಯ್ಯನ ಬಾಯಿ ಮುಚ್ಚಿಸಿದವರನ್ನು ನಾನು ಅಂದೇ ಮೊದಲು ನೋಡಿದ್ದು.

ಆದರೆ ತೂಗುವುದೆಲ್ಲಿ? ಡಾಕ್ಟರ ಹತ್ತಿರ ಇದ್ದದ್ದು ಔಷಧದ ಪುಡಿ ತೂಗುವ ಅಂಗೈಯಗಲದ ತಕ್ಕಡಿ. ಅದರಲ್ಲಿ ಮಾವಯ್ಯನ ಮೀಸೆಯನ್ನು ತೂಗಬಹುದಿತ್ತು, ಅಷ್ಟೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಅಡಿಕೆ ಅಂಗಡಿ. ಅಲ್ಲಿ ತೊಲೆಗೆ ಸರಪಳಿಯಿಂದ ನೇತುಹಾಕಿದ ದೊಡ್ಡ ತಕ್ಕಡಿಯಿತ್ತು. "ಅಡಿಕೆ ತೂಗ್ತು ಹೇಳಾದ್ರೆ ಅಡಿಕೆ ತಿಂಬವನ್ನೂ ತೂಗ್ತು," ಎಂದು ಅತ್ತೆ ತೀರ್ಪು ಕೊಟ್ಟರು.

ಜತೆಗೆ ನಾನು ಹೋಗಬೇಕೆಂದಾಯಿತು. ನನ್ನ ಅಪ್ಪ ಬೆಳಗಾವಿಯಲ್ಲಿ ಸರಕಾರಿ ನೌಕರಿಯಲ್ಲಿದ್ದುದರಿಂದ ನಾನು ಕಾನ್ವೆಂಟಿನಲ್ಲಿ ಓದಿದವಳು. ಅಂಗಡಿಯ ಮಣ, ಸೇರನ್ನು ಡಾಕ್ಟರ ಪೌಂಡಿಗೆ ತಿರುಗಿಸಲು ಮನೆಯಲ್ಲಿ ಬರುತ್ತಿದ್ದುದು ನನಗೊಬ್ಬಳಿಗೇ. ಅದು ಊರಿಗೆ ಹೇಳಿದ ಕಾರಣ. ಅತ್ತೆ ಒಳಗೆ ಕರೆದು ಹೇಳಿದ ಕಾರಣವೇ ಬೇರೆ.

"ತಕ್ಕಡಿ ಎಷ್ಟು ತೋರ್ಸ್ತು ಹೇಳಿ ನೀನೇ ಕೇಳಕಂಡು ಬಾ ಕೂಸೇ. ನಿನ್ನ ಮಾವಯ್ಯ ಬಪ್ಪ ದಾರಿ ಮೇಲೆ ಅದಕ್ಕೂ ಒಂದು ಅರ್ಥ ಹೇಳಿಬಿಡ್ತ."

ಅಂಗಡಿಯಲ್ಲಿ ತೂಕ ಮಾಡುವವರು ವಯಸ್ಸಾದ ಒಬ್ಬ ಸಾಹೇಬರು. ಬಿಳಿ ಗಡ್ಡ, ಎದೆಯ ಮೇಲೆ ಅಡಿಕೆ ಧೂಳು ಕೂತು ಕಂದುಬಣ್ಣವಾದ ಅಂಗಿ. ಸೆರಗು ಹೊದ್ದು ಮೆಟ್ಟಿಲ ಮೇಲೆ ನಿಂತ ನನ್ನನ್ನು ನೋಡಿ ಅಂಗಡಿಯಲ್ಲಿದ್ದ ಗಂಡಸರೆಲ್ಲ ಒಮ್ಮೆಲೇ ಅಡಿಕೆಯ ಗುಣಮಟ್ಟ ಪರೀಕ್ಷಿಸಲು ಬಗ್ಗಿದರು. ಸಾಹೇಬರು ಮಾತ್ರ ತಮ್ಮ ಕೆಲಸ ನೋಡಿಕೊಂಡರು.

"ಬನ್ನಿ ಅಜ್ಜೋರೆ. ಚಪ್ಪಲಿ ಬಿಡಿ, ಕವಳದ ಸಂಚಿ ಬಿಡಿ."

"ಸಂಚಿ ಬಿಟ್ಟರೆ ಉಳಿಯೋದು ನಾನಲ್ಲ ಸಾಹೇಬ್ರೆ."

"ಸಂಚಿ ತೂಕ ಬೇರೆ ಮಾಡಿಕೊಡ್ತೆ. ಹತ್ತಿ."

ಮಾವಯ್ಯ ಪಂಚೆ ಸುತ್ತಿಕೊಂಡು ತಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎದುರಿನ ತಟ್ಟೆಯಲ್ಲಿ ತೂಕದ ಕಲ್ಲುಗಳು ಒಂದೊಂದಾಗಿ ಬಿದ್ದವು. ಕೂತ ತಟ್ಟೆ ನೆಲ ಬಿಟ್ಟು ಎದ್ದಾಗ ಅವರು ಎರಡೂ ಕೈಯಲ್ಲಿ ಸರಪಳಿ ಹಿಡಿದುಕೊಂಡರು. ಕಾಲ ಹೆಬ್ಬೆರಳುಗಳು ಮೇಲಕ್ಕೆ ಸೆಟೆದು ನಿಂತವು.

"ಮಾತಾಡಬೇಡಿ ಅಜ್ಜೋರೆ. ಮಾತಾಡಿದ್ರೆ ಮುಳ್ಳು ನಿಲ್ಲೂದಿಲ್ಲ."

ಒಳಗಿನಿಂದ ಯಾರೋ ಕೂಗಿದರು: "ಸಾಹೇಬ್ರೆ, ಅದ್ಯಾವ ಮಾಲು?"

"ಹಳೇ ಚಾಲಿ," ಎಂದರು ಸಾಹೇಬರು. ಒಣಗಿಸಿ, ಸುಲಿದು, ವರ್ಷಗಟ್ಟಲೆ ಇಟ್ಟ ಅಡಿಕೆ ಎಂದರ್ಥ. "ಹೊಸದಕ್ಕಿಂತ ದರ ಜಾಸ್ತಿ."

ಮಾವಯ್ಯ ಮಾತಾಡುವಂತಿರಲಿಲ್ಲವಾಗಿ ತಲೆದೂಗಿ ಒಪ್ಪಿಗೆ ಸೂಚಿಸಿದರು. ಮುಳ್ಳು ಅಲುಗಿತು. ಮತ್ತೆ ನಿಲ್ಲುವವರೆಗೆ ಕಾಯಬೇಕಾಯಿತು. ಆಮೇಲೆ ಸಾಹೇಬರು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಗುನುಗಿ, ಕಣ್ಣು ಬಿಟ್ಟು ತೂಕ ಹೇಳಿದರು. ನಮ್ಮ ಕಾನ್ವೆಂಟಿನ ಸಿಸ್ಟರುಗಳೂ ಯಾವ ಕೆಲಸಕ್ಕೂ ಮೊದಲು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಇವರೂ ಪ್ರಾರ್ಥನೆ ಮಾಡಿದರು ಎಂದುಕೊಂಡು ನಾನು ಗೌರವದಿಂದ ತಲೆ ತಗ್ಗಿಸಿದೆ.

ಅಂದಿನಿಂದ ಮನೆಯಲ್ಲಿ ಮಾವಯ್ಯನನ್ನು ಬೆಳೆಸುವ ಕೆಲಸ ಶುರುವಾಯಿತು. ಅತ್ತೆ ಮೊದಲು ಬೆಳಗಿನ ತೆಳ್ಳೇವನ್ನು ಬಂದ್ ಮಾಡಿದರು. ಕಾಗದದಷ್ಟು ತೆಳುವಾದ ಆ ದೋಸೆ ಮಾವಯ್ಯನಿಗೆ ಪಂಚಪ್ರಾಣ. ಆದರೆ ಅತ್ತೆಗೆ ಅದರ ಹೆಸರಿನ ಮೇಲೇ ಅನುಮಾನ. "ತೆಳ್ಳೇವು ತಿಂದ್ಕಂಡು ತೋರ ಅಪ್ಪಲೆ ಆಗ್ತಾ?" ಎಂದು ಕೇಳಿ, ದಪ್ಪ ದೋಸೆ ಹೊಯ್ದು, ಅದು ಮುಳುಗುವಷ್ಟು ತುಪ್ಪ ಸುರಿದರು. ನಾನು ಕಾನ್ವೆಂಟಿನ ಬೆಳಗಿನ ತಿಂಡಿಯನ್ನು ನೆನಪಿಸಿಕೊಂಡು ಗೋಧಿಕಡಿಯನ್ನು ಹಾಲಲ್ಲಿ ಬೇಯಿಸಿ ಬಡಿಸಿದೆ. ಮಾವಯ್ಯ ಒಂದು ಚಮಚೆ ಬಾಯಿಗಿಟ್ಟು ಯೋಚಿಸಿ, "ಇದು ಪಾಯಸ ಅಪ್ಪಲೆ ಹೊರಟು ದಾರಿ ತಪ್ಪಿದ್ದು, ತಂಗೀ," ಎಂದರು. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ಹಲ್ಲಿಗೊಂದು ಸಲ, ಎಂದು ಸಿಸ್ಟರುಗಳು ಕಲಿಸಿದ್ದನ್ನೂ ಹೇಳಿದೆ.

"ಹಲ್ಲಿಗೊಂದು ಸಲ ಹೇಳಾದ್ರೆ ಯಂಗೆ ಐದು ಸಲ ಸಾಕು," ಎಂದು ಅವರು ಐದು ಸಲ ಅಗಿದು ನುಂಗಿದರು.

ಮಳೆ ಹಿಡಿಯಿತು. ಎರಡನೆಯ ಸಲ ತೂಗಿಸಲು ಹೋದಾಗ ಬೀದಿಯೆಲ್ಲ ಕೆಂಪು ನೀರು. ಸಾಹೇಬರು ಕಣ್ಣು ಮುಚ್ಚಿ, ಗುನುಗಿ, ತೂಕ ಹೇಳಿದರು. ಕಡಿಮೆಯಾಗಿತ್ತು! ಮನೆಗೆ ಬಂದು ಹೇಳಿದಾಗ ಅತ್ತೆ ಕೂತಲ್ಲೇ ಕೂತರು. ಮರುದಿನದಿಂದ ತುಪ್ಪದ ಸೌಟು ದೊಡ್ಡದಾಯಿತು, ಮಧ್ಯಾಹ್ನದ ಊಟಕ್ಕೂ ಸಂಜೆಗೂ ನಡುವೆ ಹಲಸಿನ ಹಪ್ಪಳ, ಬೆಲ್ಲದ ಉಂಡೆ ಎಂದು ಹೊಸ ಹೊತ್ತುಗಳು ಹುಟ್ಟಿಕೊಂಡವು. ಮೂರನೆಯ ಸಲ ಹೋದಾಗ ಮಳೆ ಇನ್ನೂ ಜೋರು. ತೂಕ ಇನ್ನೂ ಕಡಿಮೆ.

ವಿಚಿತ್ರವೆಂದರೆ ಮನೆಯಲ್ಲಿ ಕಾಣುತ್ತಿದ್ದುದೇ ಬೇರೆ. ಮಾವಯ್ಯನ ಅಂಗಿಯ ಹೊಟ್ಟೆಯ ಮೇಲಿನ ಗುಂಡಿ ಎರಡು ಸಲ ಕಿತ್ತು ಬಂದು ಎರಡು ಸಲವೂ ನಾನೇ ಹೊಲಿದಿದ್ದೆ. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ. ಅವರು ಕೂತರೆ ತೂಗುಮಂಚದ ಸರಪಳಿ ಹೊಸದೊಂದು ಶಬ್ದ ಮಾಡುತ್ತಿತ್ತು. ಆದರೆ ಲೆಕ್ಕ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಕಲಿತು ಬಂದವಳು ನಾನು. ಗುಂಡಿಯ ದಾರವೇ ಕಳಪೆ ಎಂದು ತಿಳಿದು ದಾರ ಬದಲಿಸಿದೆ.

ಆಷಾಢ ಮುಗಿಯುತ್ತ ಬಂದಾಗ ಕಾನಸೂರಿನ ಅಜ್ಜ ಗೆಳೆಯನನ್ನು ನೋಡಲು ಬಂದರು. ಮಾವಯ್ಯ ಜಗುಲಿಯಲ್ಲಿ ಕೂತು ದಪ್ಪ ದೋಸೆ ತಿನ್ನುತ್ತಿದ್ದರು.

"ಎಂತದೋ, ಸೊರಗಿ ಹೋಯ್ದೆ ಹೇಳಿ ಸುದ್ದಿ ಕೇಳಿ ಬಂದಿ. ಇಲ್ಲಿ ನೋಡಿದ್ರೆ ದೋಸೆ ಹಿಂದೆ ಯಾರಿದ್ದ ಹೇಳೇ ಕಾಣ್ತಿಲ್ಲೆ!"

"ತಕ್ಕಡಿ ಬೇರೇನೇ ಹೇಳ್ತು, ಮಾರಾಯ. ಡಾಕ್ಟರ ಬಿಡ್ತ್ನಿಲ್ಲೆ."

"ಬಿಡದಿದ್ರೆ ಬಿಡ. ಇಸಳೂರಲ್ಲಿ ಒಬ್ಬ ಹೊಸ ಹುಡುಗ ಇದ್ನಡ, ಚೊಲೋ ಅರ್ಥ ಹೇಳ್ತ್ನಡ. ನಿನ್ನ ಜಾಗದಲ್ಲಿ ಅವನ್ನೇ ಕೂರಿಸ್ತ್ಯ."

ಅಜ್ಜ ತಮಾಷೆಗೇ ಅಂದದ್ದು. ಆದರೆ ಮಾವಯ್ಯ ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಯಲ್ಲಿ ಹಾಗೇ ಇಟ್ಟರು. ಅಜ್ಜ ಹೋದ ಮೇಲೂ ಅದನ್ನು ಮುಟ್ಟಲಿಲ್ಲ.

ಅವರ ಮನಸ್ಸು ಬೇರೆ ಕಡೆ ತಿರುಗಿಸೋಣವೆಂದು ನಾನು ಇಂಗ್ಲೆಂಡಿನ ಸುದ್ದಿ ತೆಗೆದೆ. "ಅಲ್ಲಿ ಜನರನ್ನು ಸ್ಟೋನ್ ಲೆಕ್ಕದಲ್ಲೂ ತೂಗುತ್ತಾರಂತೆ, ಮಾವಯ್ಯ. ಸ್ಟೋನ್ ಅಂದರೆ ಕಲ್ಲು. ಇವನು ಹತ್ತು ಕಲ್ಲು, ಅವನು ಹನ್ನೆರಡು ಕಲ್ಲು ಎಂದು ಹೇಳುತ್ತಾರೆ."

"ಮನುಷ್ಯನ್ನ ಕಲ್ಲಲ್ಲಿ ಎಣಿಸ್ತ್ವಾ?"

"ಹೌದು."

"ಹಂಗಾರೆ ಕಲ್ಲು ಜಾಸ್ತಿ ಇದ್ದವಂಗೆ ತೂಕ ಜಾಸ್ತಿ."

"ಹೌದು ಮಾವಯ್ಯ," ಎಂದು ನಕ್ಕು ನಾನು ದೋಸೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅವರು ನಗಲಿಲ್ಲವೆಂಬುದು ಆಮೇಲೆ ನೆನಪಾಯಿತು.

ಶ್ರಾವಣಕ್ಕೆ ಮೊದಲಿನ ಕಡೆಯ ತೂಕದ ದಿನ. ಬೆಳಗಿನಿಂದ ಅತ್ತೆ ಮದ್ದು ಅರೆಯುವ ಗುಂಡುಕಲ್ಲು ಕಾಣುತ್ತಿಲ್ಲವೆಂದು ಅಡುಗೆಮನೆಯನ್ನೆಲ್ಲ ತಲೆಕೆಳಗು ಮಾಡಿದ್ದರು. ಮಾವಯ್ಯ ಮದುವೆ ಮುಂಜಿಗೆ ಮಾತ್ರ ಹಾಕುವ ಕರಿ ಕೋಟು ಹಾಕಿ ಹೊರಟು ನಿಂತರು. ಹೆಜ್ಜೆ ಹೆಜ್ಜೆಗೂ ಅವರ ಒಳಗಿನಿಂದ ಟಕ್ ಟಕ್ ಎಂದು ಸದ್ದು.

"ಅದೆಂತ ಸದ್ದು ಮಾವಯ್ಯ?"

"ಮೊಣಕಾಲು. ಮಳೆಗಾಲದಲ್ಲಿ ಹಿಂಗೇಯ."

ಕೋಟಿನ ಕಿಸೆಗಳು ಮೊಣಕಾಲಿನವರೆಗೆ ಜೋತಿದ್ದವು. ಮಳೆಗೆ ನೆನೆದು ಜೋತಿವೆ ಎಂದುಕೊಂಡೆ.

ತಟ್ಟೆಯಲ್ಲಿ ಕೂತಾಗ ಅವರ ಮುಖದಲ್ಲಿ ಗೆದ್ದವರ ಕಳೆಯಿತ್ತು. ಸಾಹೇಬರು ಕಲ್ಲಿನ ಮೇಲೆ ಕಲ್ಲು ಇಟ್ಟರು, ಜೋತ ಕಿಸೆಯನ್ನು ಓರೆಗಣ್ಣಲ್ಲಿ ನೋಡಿದರು, ಕಣ್ಣು ಮುಚ್ಚಿದರು, ಎಂದಿಗಿಂತ ಹೆಚ್ಚು ಹೊತ್ತು ಗುನುಗಿದರು. ಆಮೇಲೆ ಹೇಳಿದ ತೂಕ ಹಿಂದಿನ ಸಲಕ್ಕಿಂತಲೂ ಕಡಿಮೆ.

ಮಾವಯ್ಯ ತಟ್ಟೆಯ ಮೇಲೇ ಎದ್ದು ನಿಂತರು. "ಅದು ಹೇಗೆ ಸಾಧ್ಯ? ಇಷ್ಟೆಲ್ಲ ತುಂಬಿಕೊಂಡು ಬಂದರೂ ಕಡಿಮೆ ಅಂದರೆ ಏನರ್ಥ?" ಎಂದು ಕಿಸೆಗೆ ಕೈಹಾಕಿ ತೋರಿಸಿಯೇಬಿಟ್ಟರು. ನಾಲ್ಕು ಹೊಳೆಗಲ್ಲು. ಜತೆಗೆ ಅತ್ತೆಯ ಗುಂಡುಕಲ್ಲು. ತಟ್ಟೆ ವಾಲಿ, ಗುಂಡುಕಲ್ಲು ಉರುಳಿ ಹೋಗಿ ಅಡಿಕೆ ರಾಶಿಯೊಳಗೆ ಸೇರಿಕೊಂಡಿತು.

ಅಂಗಡಿಯೆಲ್ಲ ನಗೆ. ಸಾಹೇಬರು ಮಾತ್ರ ಸ್ವಲ್ಪವೂ ಬೆರಗಾಗಲಿಲ್ಲ. "ಚೀಲದೊಳಗೆ ಕಲ್ಲು ಹಾಕಿ ತರೋರನ್ನ ದಿನಾ ನೋಡ್ತೆ ಅಜ್ಜೋರೆ. ಕಿಸೆ ನೋಡಿದ ಕೂಡಲೇ ಕಲ್ಲಿಗೆ ಅಂತ ಒಂದಿಷ್ಟು ಕಳದೇ ಹೇಳಿದ್ದು."

'ಕಳದೇ' ಎಂಬ ಮಾತು ನನ್ನ ಕಿವಿಗೆ ಬಿತ್ತು. "ಸಾಹೇಬರೇ, ಇಷ್ಟು ದಿನ ಕಣ್ಣು ಮುಚ್ಚಿ ನೀವು ಮಾಡುತ್ತಿದ್ದದ್ದು ಪ್ರಾರ್ಥನೆಯಲ್ಲವೇ?"

"ಪ್ರಾರ್ಥನೆಯೆಲ್ಲಿಂದ ಬಂತಮ್ಮ, ಲೆಕ್ಕ. ಚೀಲದ ತೂಕ ಅಂತ ಒಂದಿಷ್ಟು ಕಳೀಬೇಕು. ಮಳೆಗಾಲದ ಮಾಲಿಗೆ ಹಸಿ ಅಂತ ಇನ್ನೊಂದಿಷ್ಟು. ಮಳೆ ಜೋರಾದ್ಹಾಂಗೆ ಹಸಿ ಜಾಸ್ತಿ."

"ಮನುಷ್ಯರಿಗೂ ಹಸಿ ಕಳೆಯುತ್ತೀರಾ?"

"ಯಾ ಅಲ್ಲಾ," ಎಂದು ಸಾಹೇಬರು ಗಡ್ಡ ನೀವಿಕೊಂಡರು. "ಈ ತಕ್ಕಡಿ ಎದುರಿಗೆ ನಿಂತ್ರೆ ಬಾಯಿ ತಾನೇ ಕಳೀತದಮ್ಮ. ಅಜ್ಜೋರು ಅಡಿಕೆ ಅಲ್ಲ ಅನ್ನೂದು ನೆನಪೇ ಆಗಲಿಲ್ಲ!"

ಕೋಟು ತೆಗೆಸಿ, ಕಲ್ಲು ಇಳಿಸಿ, ಏನನ್ನೂ ಕಳೆಯದೆ ಮತ್ತೆ ತೂಗಿದರು. ಕಿಸೆಯ ಕಲ್ಲಿಲ್ಲದೆಯೂ ಎದುರಿನ ತಟ್ಟೆಗೆ ಮೊದಲ ಸಲಕ್ಕಿಂತ ಒಂದು ಕಲ್ಲು ಹೆಚ್ಚೇ ಬೇಕಾಯಿತು. ಅದು ಬಿದ್ದು ತಟ್ಟೆ ಎದ್ದಾಗ ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಮಾವಯ್ಯ ಸರಪಳಿ ಬಿಟ್ಟು ಎರಡೂ ಕೈ ಜೋಡಿಸಿ ಎಲ್ಲರಿಗೂ ನಮಸ್ಕಾರ ಮಾಡಲು ಹೋಗಿ ಬೀಳುವುದರಲ್ಲಿದ್ದರು.

ನಾನು ಪೌಂಡಿನಲ್ಲಿ ಹೇಳಿದ್ದನ್ನು ಕೇಳಿ ಡಾಕ್ಟರು ಕನ್ನಡಕ ತೆಗೆದು ಮಾವಯ್ಯನನ್ನು ಮೇಲಿಂದ ಕೆಳಗೆ ನೋಡಿದರು. "ಅಜ್ಜಾರ, ಏರಸ್ರಿ ಅಂದಿದ್ದೆ ಖರೆ. ಹಿಂಗ ಏರಸ್ರಿ ಅಂದಿದ್ದಿಲ್ಲ. ಕಾನಸೂರಿಗೆ ಹೋಗ್ರಿ, ಗಾಡಿ ಮ್ಯಾಲೆ ಹೋಗ್ರಿ. ತುಪ್ಪ ಮಾತ್ರ ಇವತ್ತಿಂದ ಬಂದ್."

"ಏರ್ಸು ಹೇಳಿದವ್ನೂ ಅವನೇಯ, ಇಳ್ಸು ಹೇಳಿದವ್ನೂ ಅವನೇಯ," ಎಂದು ಅತ್ತೆ ಮನೆಯಲ್ಲಿ ಗೊಣಗಿದರು. ಮರುದಿನ ಬೆಳಿಗ್ಗೆ ತೆಳ್ಳೇವು ಎರೆದರು. ಮಾವಯ್ಯ ಮೊದಲನೆಯದನ್ನು ಎತ್ತಿ ಹಿಡಿದು, ಅದರ ಮೂಲಕ ಕಿಟಕಿಯ ಬೆಳಕು ನೋಡಿ, ನಿಟ್ಟುಸಿರು ಬಿಟ್ಟು ತಿಂದರು.

ಕಾನಸೂರಿನ ಕೂಟ ಮಧ್ಯಾಹ್ನದ ಊಟ ಮುಗಿಯುತ್ತಲೇ ಶುರುವಾಯಿತು. ಹೆಂಗಸರು ಬಾಗಿಲ ಹಿಂದೆ ಕೂತಿದ್ದೆವು. ಚಾಪೆಯ ಒಂದು ಕಡೆ ಮಾವಯ್ಯ, ಎದುರಿಗೆ ಕಾನಸೂರಿನ ಅಜ್ಜ. ತಕ್ಕಡಿಯ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಹೋಗಿ ತಲುಪಿತ್ತು. ವಾದ ಕಾವೇರಿದಾಗ ಅಜ್ಜ ರಾಜನ ಗತ್ತಿನಲ್ಲಿ ಕೈಯೆತ್ತಿ ಕೇಳಿದರು:

"ಎಲೈ, ಬಹಳ ಮಾತಾಡಿದೆ. ಚೀಲ ಕಳೆದು, ಹಸಿ ಕಳೆದು, ಕಿಸೆಯ ಕಲ್ಲನ್ನೂ ಕಳೆದರೆ ನಿನ್ನ ಮಾತಿನ ತೂಕ ಎಷ್ಟೆಂದು ಹೇಳು!"

ಭಾಗವತರು ಜಾಗಟೆ ಕೆಳಗಿಟ್ಟು ನಕ್ಕರು. ಸಭೆ ನಗುತ್ತಲೇ ಇತ್ತು. ಮಾವಯ್ಯ ತಕ್ಕಡಿಯಲ್ಲಿ ಕೂತಾಗಿನಂತೆ ಅಲುಗಾಡದೆ, ಎಲ್ಲರೂ ಸುಮ್ಮನಾಗುವವರೆಗೆ ಕಾದರು.

"ರಾಜನೇ, ತೂಗಬೇಕಾದರೆ ಎದುರಿನ ತಟ್ಟೆಯಲ್ಲಿ ಒಂದು ಕಲ್ಲು ಇರಲೇಬೇಕು. ಅದಕ್ಕೇ ಅಲ್ಲವೇ ಇವರು ನಿನ್ನನ್ನು ತಂದು ಅಲ್ಲಿ ಕೂರಿಸಿರುವುದು?"

ಕಾನಸೂರಿನ ಅಜ್ಜ ರಾಜತನವನ್ನು ಮರೆತು, ಹೊಟ್ಟೆ ಹಿಡಿದುಕೊಂಡು ನಗುತ್ತ ಚಾಪೆಯ ಮೇಲೆ ವಾಲಿದರು. ಮಾವಯ್ಯನ ಮುಖ ಅರಳಿ ಬಾಳೆಲೆಯಗಲವಾಗಿತ್ತು.

ನಾನು ಕಣ್ಣೊರೆಸಿಕೊಳ್ಳುತ್ತ ಅತ್ತೆಯ ಕಡೆ ತಿರುಗಿದೆ. ಅವರು ಗಂಭೀರವಾಗಿ ಏನೋ ಯೋಚಿಸುತ್ತಿದ್ದರು.

"ಕಲ್ಲು ಹೇಳಿದ್ಕೆ ನೆನಪಾತು ಕೂಸೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಯನ್ನ ಗುಂಡುಕಲ್ಲು ಸಾಹೇಬ್ರ ಅಡಿಕೆ ರಾಶಿಯೊಳಗೇ ಉಳದ್ದು. ನಾಳೆ ಹೋಗಿ ತಗಂಬಾ. ಸಾಹೇಬ್ರು ಅದನ್ನೂ ಹಳೇ ಚಾಲಿ ಹೇಳಿ ಮಾರಿಬಿಟ್ರೆ ಕಷ್ಟ."