ಹಿಮಕರಡಿ ಮೇಡಂ

ನನ್ನ ಅಕ್ಕನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಹಿಮಕರಡಿ ಮೇಡಂ. ಹಾಗಂತ ಅವಳು ಬೆಳ್ಳಗೂ ಇಲ್ಲ, ದಪ್ಪಗೂ ಇಲ್ಲ. ಜಾಗತಿಕ ತಾಪಮಾನದ ಬಗ್ಗೆ ಪ್ರಬಂಧ ಬರೆಯಿರಿ ಎಂದಾಗ ಯಾವ ಮಗು ಹಿಮಕರಡಿಯನ್ನು ಕರೆತಂದರೂ ಅಕ್ಕ ಅದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ನೀನು ನೋಡಿದ್ದೀಯಾ?' ಎಂದು ಬರೆಯುತ್ತಾಳೆ. ಅದಕ್ಕೆ ಆ ಹೆಸರು. ಇಷ್ಟು ವರ್ಷಗಳಲ್ಲಿ ಅವಳು ಹೊಡೆದುಹಾಕಿದ ಕರಡಿಗಳನ್ನು ಒಟ್ಟು ಸೇರಿಸಿದರೆ ಉತ್ತರ ಧ್ರುವದಲ್ಲಿ ನಿಲ್ಲಲು ಜಾಗ ಸಾಲುವುದಿಲ್ಲ.

ನಾನು ಅದೇ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಹೇಳುವುದು ನನ್ನ ಪಾಲು, ಅದನ್ನು ಬರೆಯುವುದು ಹೇಗೆಂದು ಕಲಿಸುವುದು ಅಕ್ಕನ ಪಾಲು. ಮನೆಯೂ ಒಂದೇ. ಅಕ್ಕ, ಭಾವ, ಅಮ್ಮ, ನಾನು. ಅಕ್ಕ ಸಮಾಧಾನಿ. ಮನೆಗೆ ಬಂದ ಕೋಪವೆಲ್ಲ ಚಿಕ್ಕವಳೊಬ್ಬಳ ಮೂಗಿನ ಮೇಲೇ ಕೂತಿದೆ ಎನ್ನುತ್ತಾಳೆ ಅಮ್ಮ. ಕೂತಿರಲಿ. ಈ ಕಥೆಯನ್ನು ಸಮಾಧಾನಿಗಳು ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಪ್ರಬಂಧ ಎಂದರೆ ಏನೆಂದು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೊದಲು ಪೀಠಿಕೆ, ಆಮೇಲೆ ಕಾರಣ, ಪರಿಣಾಮ, ಪರಿಹಾರ, ಕೊನೆಗೆ ಉಪಸಂಹಾರ. ಪೀಠಿಕೆ 'ಇಂದಿನ ಆಧುನಿಕ ಯುಗದಲ್ಲಿ' ಎಂದೇ ಶುರುವಾಗಬೇಕು. ಉಪಸಂಹಾರ 'ಆದ್ದರಿಂದ ನಾವೆಲ್ಲರೂ ಮರ ನೆಟ್ಟು ಭೂಮಿತಾಯಿಯನ್ನು ಉಳಿಸೋಣ' ಎಂದೇ ಮುಗಿಯಬೇಕು. ನಡುವೆ ಮಂಜುಗಡ್ಡೆ ಕರಗುತ್ತದೆ, ಕರಡಿ ಅಳುತ್ತದೆ. ಗೈಡು ನೋಡಿ ಉರು ಹೊಡೆದ ಮಗು ಫ್ಯಾನಿಲ್ಲದ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ, ಕಾಗದಕ್ಕೆ ಬೆವರು ತಾಗದ ಹಾಗೆ ಕೈಯ ಕೆಳಗೆ ಕರವಸ್ತ್ರ ಇಟ್ಟುಕೊಂಡು, ಎಲ್ಲೋ ದೂರದ ಮಂಜುಗಡ್ಡೆಗಾಗಿ ಮರುಗುತ್ತದೆ. ನನಗೆ ಮೈಯೆಲ್ಲ ಉರಿಯುವುದು ಇಲ್ಲೇ.

ಅಕ್ಕ ಕಲಿಸುವ ರೀತಿ ಬೇರೆ. ಪೆನ್ನು ಮುಟ್ಟುವ ಮೊದಲು ಕೋಣೆಯ ಯಾವುದಾದರೂ ಒಂದು ವಸ್ತುವಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಬೆಂಚು, ಗೋಡೆ, ಕಿಟಕಿಯ ಸರಳು, ಏನಾದರೂ ಸರಿ. ಅಂಗೈಗೆ ಗೊತ್ತಾದದ್ದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. 'ನಾವೆಲ್ಲರೂ' ಎಂಬ ಪದಕ್ಕೆ ಅವಳ ಕ್ಲಾಸಿನಲ್ಲಿ ಪ್ರವೇಶವಿಲ್ಲ. ನಾವೆಲ್ಲರೂ ಮಾಡಿದ್ದು ಎಂದರೆ ಯಾರೂ ಮಾಡಿಲ್ಲ ಎಂದು ಅರ್ಥ, ಯಾರು ಮಾಡಿದ್ದು ಅಂತ ಬರಿ ಎನ್ನುತ್ತಾಳೆ. ಬರೆದದ್ದನ್ನು ಎದ್ದು ನಿಂತು ಓದಬೇಕು. ಹಿಂದಿನ ಬೆಂಚಿನವರು ಕೇಳಿಸಿತೆಂದು ಕೈ ಎತ್ತುವವರೆಗೂ ಓದುತ್ತಲೇ ಇರಬೇಕು.

ಈ ಕೊನೆಯ ನಿಯಮದಿಂದ ಬಹಳ ಒದ್ದಾಡಿದವಳು ಪಿಸು. ಅದೂ ಇಟ್ಟ ಹೆಸರೇ. ಆ ಹುಡುಗಿ ಬಾಯಿ ಬಿಟ್ಟರೆ ಪಕ್ಕದವಳಿಗೂ ಕೇಳಿಸದು. ಅವಳು ಓದಿ ಮುಗಿಸಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಒಂದು ಕೈಯೂ ಏಳುತ್ತಿರಲಿಲ್ಲ. ಅಕ್ಕ ಒಂದೇ ಮಾತು ಹೇಳುತ್ತಿದ್ದಳು.

"ಹಿಂದಿನ ಬೆಂಚಿಗೆ ಕೇಳಲಿಲ್ಲಮ್ಮ. ಇನ್ನೊಂದ್ಸಲ."

ಆ ಕ್ಲಾಸಿದ್ದದ್ದು ತಾರಸಿಯ ಮೇಲೆ, ತಗಡಿನ ಸೂರಿನ ಕೋಣೆಯಲ್ಲಿ. ಮಕ್ಕಳು ಜಾಸ್ತಿಯಾದ ವರ್ಷ ತಾತ್ಕಾಲಿಕ ಎಂದು ಕಟ್ಟಿಸಿದ್ದು. ನಮ್ಮ ಶಾಲೆಯಲ್ಲಿ ತಾತ್ಕಾಲಿಕವಾದದ್ದಕ್ಕೆ ಸಾವಿಲ್ಲ. ಮಧ್ಯಾಹ್ನವಾದರೆ ತಗಡು ಟಪ್ ಟಪ್ ಎಂದು ಸದ್ದು ಮಾಡುತ್ತ ಹಿಗ್ಗುತ್ತದೆ. ಅದರ ಜೊತೆಗೆ ಹೋದ ವರ್ಷ ಕೆಳಗಿನ ಆಫೀಸಿಗೆ ಎ.ಸಿ. ಬಂತು. ಒಳಗಿನ ಯಂತ್ರ ಹೆಡ್‌ಮಾಸ್ಟರ ತಲೆಯ ಮೇಲೆ, ಹೊರಗಿನ ಪೆಟ್ಟಿಗೆ ತಾರಸಿಯಲ್ಲಿ, ಸರಿಯಾಗಿ ಮಕ್ಕಳ ಕಿಟಕಿಯ ಪಕ್ಕ. ಕೂರಿಸಿದವನು ನಮ್ಮ ಭಾವ. ಅವನದು ಫ್ರಿಜ್ಜು, ಎ.ಸಿ. ರಿಪೇರಿ ಅಂಗಡಿ. ಹೆಂಡತಿ ಬೇಸಿಗೆಯನ್ನು ಬೈಯುತ್ತಾಳೆ, ಗಂಡ ಬೇಸಿಗೆಯಲ್ಲೇ ದುಡಿಯುತ್ತಾನೆ ಎಂದು ಅಮ್ಮ ಇಬ್ಬರನ್ನೂ ಛೇಡಿಸುತ್ತಿರುತ್ತಾಳೆ.

ಕಿರುಪರೀಕ್ಷೆಯ ದಿನ ಪಿಸುವಿನ ಪಕ್ಕದ ಹುಡುಗಿ ಅರ್ಧ ಬರೆದವಳು ತಲೆ ಸುತ್ತಿ ಬೆಂಚಿನ ಮೇಲೆ ಒರಗಿಬಿಟ್ಟಳು. ಮುಖಕ್ಕೆ ನೀರು ಹಾಕಿ ಎಬ್ಬಿಸಿದರೆ ಮೊದಲು ಕೇಳಿದ್ದು ಟೈಮ್ ಮುಗೀತಾ ಎಂದು. ಮುಗಿದಿತ್ತು. ದೊಡ್ಡ ಪರೀಕ್ಷೆ ಬೇಸಿಗೆಯ ನಟ್ಟನಡುವೆ ಬರುವುದಿತ್ತು, ಬರೆಯಬೇಕಾದದ್ದೂ ಅದೇ ಕೋಣೆಯಲ್ಲಿ. ಅಷ್ಟರೊಳಗೆ ಮಕ್ಕಳನ್ನು ಕೆಳಗಿಳಿಸಲೇಬೇಕೆಂದು ಅಕ್ಕ ಹಟ ಹಿಡಿದಳು. ಕೆಳಗೆ ದೊಡ್ಡ ಹಾಲ್ ಇದೆ, ಫ್ಯಾನುಗಳಿವೆ, ವರ್ಷಕ್ಕೆ ನಾಲ್ಕು ಸಲ ಕಾರ್ಯಕ್ರಮವಾದರೆ ಹೆಚ್ಚು. ಹೆಡ್‌ಮಾಸ್ಟರು ಹಾಲ್ ಇರುವುದು ಕಾರ್ಯಕ್ರಮಕ್ಕೆ ಎಂದರು. ಭಾವ ತಾನೇ ಹೋಗಿ ಪೆಟ್ಟಿಗೆಯನ್ನು ಹಿಂದಿನ ಗೋಡೆಗೆ ಹಾಕಿಕೊಡುತ್ತೇನೆ ಎಂದ. ಅದಕ್ಕೂ ನೋಡೋಣ ಎಂದರು. ನೋಡೋಣ ಎಂದು ಹೇಳಿದವರು ಒಂದು ಸಲವಾದರೂ ಮೆಟ್ಟಿಲು ಹತ್ತಿ ಬಂದು ನೋಡಬೇಕಲ್ಲ? ಬರಲಿಲ್ಲ.

ಅದೇ ಹೊತ್ತಿಗೆ ಸುತ್ತಲಿನ ಶಾಲೆಗಳೆಲ್ಲ ಸೇರಿ ನಡೆಸುವ ಪ್ರಬಂಧ ಸ್ಪರ್ಧೆಯ ಸರದಿ ಈ ಸಲ ನಮ್ಮ ಶಾಲೆಗೆ ಬಂತು. ವಿಷಯ ಜಾಗತಿಕ ತಾಪಮಾನ. ಹೆಡ್‌ಮಾಸ್ಟರು ಹಿರಿಹಿರಿ ಹಿಗ್ಗಿದರು. ಹಾಲಿನ ಗೋಡೆಯ ತುಂಬ ಒಂದು ಬ್ಯಾನರು ಕಟ್ಟಿಸಿದರು, ಅದರಲ್ಲಿ ಬಾಗಿಲಿನಷ್ಟು ದೊಡ್ಡ ಹಿಮಕರಡಿ. ನಮ್ಮ ಶಾಲೆಯಿಂದ ಯಾರು ಬರೆಯಬೇಕೆಂದು ಕೇಳಿದಾಗ ಅಕ್ಕ ಪಿಸುವಿನ ಹೆಸರು ಕೊಟ್ಟಳು.

ಅಭ್ಯಾಸಕ್ಕೆಂದು ಪಿಸು ಬರೆದದ್ದನ್ನು ಅಕ್ಕ ಮನೆಗೆ ತಂದು, ಊಟ ಮುಗಿದ ಮೇಲೆ ಭಾವನ ಎದುರೇ ಓದಿದಳು. ನನಗೆ ಅದು ಈಗಲೂ ಬಾಯಿಪಾಠ.

"ಮಧ್ಯಾಹ್ನ ನಮ್ಮ ಬೆಂಚಿನ ಕಬ್ಬಿಣದ ಮೇಲೆ ಕೈ ಇಡಲು ಆಗುವುದಿಲ್ಲ. ಬಾಟಲಿಯ ನೀರು ಸ್ನಾನದ ನೀರಿನ ಹಾಗೆ ಇರುತ್ತದೆ. ಕಿಟಕಿ ತೆರೆದರೆ ಪೆಟ್ಟಿಗೆಯ ಬಿಸಿಗಾಳಿ ಬರುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಪೆಟ್ಟಿಗೆ ಆಫೀಸಿನದು. ಅದನ್ನು ಇಟ್ಟವರು ನಮ್ಮ ಮೇಡಂ ಮನೆಯವರು. ಆಫೀಸಿನ ಬಿಸಿಯನ್ನು ತೆಗೆದು ನಮ್ಮ ಕಿಟಕಿಗೆ ಹಾಕಿದ್ದಾರೆ. ಭೂಮಿಗೂ ಹೀಗೇ ಆಗಿದೆ ಎಂದು ನನಗೆ ಅನ್ನಿಸುತ್ತದೆ. ಕೆಲವರು ತಮ್ಮ ಕೋಣೆ ತಂಪು ಮಾಡಿಕೊಂಡು ಬಿಸಿಯನ್ನು ಬೇರೆಯವರ ಕಿಟಕಿಗೆ ಬಿಡುತ್ತಾರೆ. ಆ ಬೇರೆಯವರು ಪರೀಕ್ಷೆ ಬರೆಯುತ್ತಿರುತ್ತಾರೆ."

ಭಾವ ತಲೆ ತಗ್ಗಿಸಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತ. ನನ್ನ ಬಗ್ಗೆ ಇರುವ ಸಾಲನ್ನು ಹೊಡೆದುಹಾಕು ಎಂದು ಅವನೂ ಕೇಳಲಿಲ್ಲ, ಹೊಡೆದುಹಾಕಲೇ ಎಂದು ಅಕ್ಕನೂ ಕೇಳಲಿಲ್ಲ. ಅಮ್ಮ ಮಾತ್ರ ಈ ಹುಡುಗಿಗೆ ಒಳ್ಳೆಯದಾಗಲಿ ಎಂದಳು. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದನ್ನು ಆ ಹುಡುಗಿ ಕಿಟಕಿಯ ಪಕ್ಕ ಕೂತು ಕಂಡುಕೊಂಡಿದ್ದಳು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಸ್ಪರ್ಧೆಯ ದಿನ ಹಾಲಿನಲ್ಲಿ, ಕೆಳಗಿನ ಕೋಣೆಗಳಲ್ಲಿ ಎಲ್ಲ ಶಾಲೆಗಳ ಮಕ್ಕಳು ತುಂಬಿಕೊಂಡು ಬೇರೆ ಬೇರೆ ತಂಡವಾಗಿ ಸಂಜೆಯವರೆಗೂ ಬರೆಯುವ ಏರ್ಪಾಡು. ಬರೆದದ್ದನ್ನು ಆಗಿಂದಾಗಲೇ ತಿದ್ದಿ ಅಂಕ ಹಾಕಲು ಬೇರೆ ಶಾಲೆಗಳ ನಾಲ್ವರು ಹೆಡ್‌ಮಾಸ್ಟರುಗಳು ಬಂದಿದ್ದರು. ಅವರಿಗೆ ಗದ್ದಲವಿಲ್ಲದ ಒಂದು ಕೋಣೆ ನೋಡಿ ಕೊಡಿ ಎಂದು ನಮ್ಮ ಹೆಡ್‌ಮಾಸ್ಟರು ಅಕ್ಕನಿಗೇ ಹೇಳಿದರು. ಅಕ್ಕ ನೋಡಿ ಕೊಟ್ಟಳು. ತಾರಸಿಯ ಕೋಣೆಯನ್ನು ಗುಡಿಸಿ, ಮೇಜಿಗೆ ಬಟ್ಟೆ ಹಾಸಿ, ನಾಲ್ಕು ಲೋಟ ನೀರು ಇಟ್ಟಳು. ಬೇಕಂತಲೇ ಮಾಡಿದೆಯಾ ಎಂದು ಆಮೇಲೆ ಕೇಳಿದೆ. ಖಾಲಿ ಇದ್ದದ್ದು ಅದೊಂದೇ ಕಣೇ ಎಂದಳು. ನನ್ನ ಅಕ್ಕ ಸುಳ್ಳು ಹೇಳುವವಳಲ್ಲ. ನಿಜವನ್ನು ಪೂರ್ತಿ ಹೇಳುವ ಅವಸರವೂ ಅವಳಿಗಿಲ್ಲ.

ಊಟ ಮುಗಿಸಿ ನಾಲ್ವರೂ ಮೇಲೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಇಳಿದು ಬಂದರು. ಕತ್ತಿನ ಸುತ್ತ ಕರವಸ್ತ್ರ, ಅಂಗಿ ಬೆನ್ನಿಗೆ ಅಂಟಿತ್ತು. ಒಬ್ಬರನ್ನು ಇನ್ನೊಬ್ಬರು ತೋಳು ಹಿಡಿದು ನಡೆಸುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಕೈ ಕೈ ಹಿಸುಕಿಕೊಳ್ಳುತ್ತ ಅವರನ್ನು ಆಫೀಸಿಗೆ ಕರೆದೊಯ್ದು, ಎ.ಸಿ.ಯನ್ನು ಇನ್ನೂ ತಂಪಿಗೆ ತಿರುಗಿಸಿ, ಬಾಗಿಲು ಹಾಕಿದರು. ಮೇಲೆ ಪೆಟ್ಟಿಗೆ ಗುರ್ ಎನ್ನತೊಡಗಿತು. ಪ್ರಬಂಧಗಳಿಗೆ ಅಂಕ ಬಿದ್ದದ್ದು ಆ ತಂಪಿನಲ್ಲಿ.

ಮೊದಲ ಬಹುಮಾನ ಕರಡಿಗೆ ಹೋಯಿತು. ಮರಿಯನ್ನು ಕಳೆದುಕೊಂಡ ಕರಡಿ ಅಂತೆ, ಕೊನೆಯಲ್ಲಿ ನಾವೆಲ್ಲರೂ ಮರ ನೆಡೋಣವಂತೆ. ಅಭ್ಯಾಸದಲ್ಲಿ ಬರೆದದ್ದನ್ನೇ ಸ್ಪರ್ಧೆಯಲ್ಲೂ ಬರೆದಿದ್ದ ಪಿಸುವಿನ ಕಾಗದ ವಾಪಸು ಬಂದಾಗ ಪೀಠಿಕೆ ಇಲ್ಲವೆಂದು ಸೊನ್ನೆ, ಉಪಸಂಹಾರ ಇಲ್ಲವೆಂದು ಸೊನ್ನೆ. ಅಡ್ಡಲಾಗಿ ದಪ್ಪ ಅಕ್ಷರದಲ್ಲಿ ಒಂದೇ ಪದ: ವಿಷಯಾಂತರ.

ನಾನು ಸ್ಟಾಫ್ ರೂಮಿನಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ಆ ಬಿಸಿಗೆ ಬೆದರಿ ಓಡಿಬಂದವರು, ಬೆನ್ನಿನ ಬೆವರು ಆರುವ ಮೊದಲೇ, ಅದೇ ಬಿಸಿಯ ಬಗ್ಗೆ ಬರೆದ ಮಗುವಿಗೆ ದಾರಿ ತಪ್ಪಿದ್ದೀಯ ಎಂದರಲ್ಲ! ಇವರ ಕಣ್ಣು ಎಲ್ಲಿತ್ತು? ಪಿಸು ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ತನ್ನದು ತಪ್ಪು ಎಂದುಕೊಂಡಿದ್ದಾಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಅಳು ಬಂದದ್ದು ಆಗ.

ಮಾರನೆಯ ದಿನ ಹೆಡ್‌ಮಾಸ್ಟರು ಅಕ್ಕನನ್ನು ಕರೆಸಿ ಒಂದು ಹಾಳೆಯನ್ನು ಮೇಜಿನ ಮೇಲಿಂದ ತಳ್ಳಿದರು. ನಾಲ್ವರೂ ಸಹಿ ಮಾಡಿ ಕೊಟ್ಟ ದೂರು. ಶಾಲೆಯ ಮಾನ ಹರಾಜು ಹಾಕಿದ್ದೀರಿ, ಇವತ್ತೇ ವಿವರಣೆ ಬರೆದುಕೊಡಿ, ಇಲ್ಲದಿದ್ದರೆ ಮುಂದಿನ ಕ್ರಮಕ್ಕೆ ಸಿದ್ಧರಾಗಿ ಎಂದರು. ಅಕ್ಕ ಹಾಳೆ ತೆಗೆದುಕೊಂಡು ಆಯಿತು ಸಾರ್ ಎಂದಳು. ಹೊರಗೆ ಕಾಯುತ್ತಿದ್ದ ನಾನು ಕೆಲಸ ಹೋದರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದೆ. ಅವಳು ಓದುತ್ತ ಓದುತ್ತ ನಕ್ಕಳು, ನೇರವಾಗಿ ಮೆಟ್ಟಿಲು ಹತ್ತಿ ಕ್ಲಾಸಿಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಇವತ್ತು ಒಂದು ಒಳ್ಳೆಯ ಪ್ರಬಂಧ ಓದುತ್ತೇನೆ, ತಾಪಮಾನದ ಮೇಲೆ ಬರೆದದ್ದು, ಸರಿಯಾಗಿ ಕೇಳಿ ಎಂದಳು ಅಕ್ಕ. ಆಮೇಲೆ ಹಿಂದಿನ ಬೆಂಚಿಗೂ ಕೇಳುವ ಹಾಗೆ ಓದಿದಳು.

"ನಮಗೆ ನೀಡಿದ ಕೋಣೆಯ ತಗಡಿನ ಕಾವಿಗೆ ಮೇಜಿನ ಮೇಲೆ ಕೈ ಊರಲೂ ಆಗಲಿಲ್ಲ. ಕಿಟಕಿ ತೆರೆದರೆ ಎ.ಸಿ. ಯಂತ್ರದ ಬಿಸಿಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ನಮ್ಮಲ್ಲಿ ಒಬ್ಬರಿಗೆ ತಲೆ ಸುತ್ತು ಬಂದಿತು. ಈ ಕೋಣೆಯು ಮನುಷ್ಯರು ಕುಳಿತು ಬರೆಯಲು ಯೋಗ್ಯವಲ್ಲ. ಇದಕ್ಕೆ ಕಾರಣರಾದ ಶಿಕ್ಷಕಿಯಿಂದ ವಿವರಣೆ ಪಡೆಯತಕ್ಕದ್ದು."

ಮಕ್ಕಳು ಮುಖ ಮುಖ ನೋಡಿಕೊಂಡರು. ಅಕ್ಕ ಪಾಠ ಮಾಡುವ ದನಿಯಲ್ಲೇ ಹೇಳುತ್ತ ಹೋದಳು. ಪೀಠಿಕೆ ಇಲ್ಲ, ಮೊದಲ ಸಾಲಿನಲ್ಲೇ ಕೈ ಇದೆ. ಕರಡಿ ಇಲ್ಲ. ನಾವೆಲ್ಲರೂ ಎಂದು ಎಲ್ಲೂ ಜಾರಿಕೊಂಡಿಲ್ಲ, ತಪ್ಪು ಯಾರದು ಎಂದು ಬೆರಳು ತೋರಿಸಿದ್ದಾರೆ, ಅದು ನಾನು. ಏನಾಗಬೇಕೆಂದೂ ಕೇಳಿದ್ದಾರೆ. ಹೀಗೆಂದು ಹಾಳೆಯ ತಲೆಯ ಮೇಲೆ ಕೆಂಪು ಇಂಕಿನಲ್ಲಿ ಪೂರ್ತಿ ಅಂಕ ಹಾಕಿದಳು. ಕೆಳಗಿದ್ದ ಖಾಲಿ ಜಾಗದಲ್ಲಿ ತನ್ನ ವಿವರಣೆ ಬರೆದಳು. ಈ ಕೋಣೆ ಮನುಷ್ಯರು ಕೂರಲು ಯೋಗ್ಯವಲ್ಲವೆಂದು ನಾಲ್ವರು ಹೆಡ್‌ಮಾಸ್ಟರುಗಳು ಬರೆದುಕೊಟ್ಟಿರುವುದರಿಂದ, ನನ್ನ ತರಗತಿಯನ್ನು ಇಂದಿನಿಂದ ಹಾಲಿನಲ್ಲಿ ನಡೆಸುತ್ತಿದ್ದೇನೆ. ಅಷ್ಟೇ. ಆಮೇಲೆ ಬೆಂಚು ಹಿಡಿಯಿರಿ ಎಂದಳು.

ಎರಡು ತುದಿಗೆ ಇಬ್ಬಿಬ್ಬರಂತೆ ಮಕ್ಕಳು ಬೆಂಚುಗಳನ್ನು ಮೆಟ್ಟಿಲಿಳಿಸಿದರು. ಒಂದು ಬೆಂಚಿಗೆ ನಾನೂ ಕೈ ಹಾಕಿದೆ. ಇನ್ನೂ ಬಿಚ್ಚದೆ ಇದ್ದ ಬ್ಯಾನರಿನ ಕೆಳಗೆ ಸಾಲು ಹಾಕಿ ಕೂತೆವು, ಫ್ಯಾನು ಹಾಕಿದೆವು. ಸದ್ದಿಗೆ ಹೆಡ್‌ಮಾಸ್ಟರು ಬಂದೇ ಬಂದರು. ಯಾರ ಅಪ್ಪಣೆ ಎಂದು ಗುಡುಗಿದರು. ಅಕ್ಕ ಹಾಳೆ ಕೊಟ್ಟಳು. ಅವರು ಕೆಂಪು ಅಂಕ ನೋಡಿದರು, ಸಹಿಗಳನ್ನು ನೋಡಿದರು, ಕೆಳಗಿನ ಸಾಲು ನೋಡಿದರು. ಮುಖ ಕೆಂಪಾಯಿತು.

"ಇದು ಬಂದ ಅತಿಥಿಗಳ ತೊಂದರೆ ಬಗ್ಗೆ ಬರೆದಿದ್ದು ಮೇಡಂ. ಮಕ್ಕಳ ವಿಷಯ ಬೇರೆ."

ಆಗ ಪಿಸು ಎದ್ದು ನಿಂತಳು. ಯಾರೂ ಅವಳನ್ನು ಎಬ್ಬಿಸಿರಲಿಲ್ಲ. ನಾಲ್ಕಾಗಿ ಮಡಚಿದ ತನ್ನ ಕಾಗದ ಕೈಯಲ್ಲಿತ್ತು.

"ಸಾರ್, ಅವರು ಬರೆದಿದ್ದೂ ನಾನು ಬರೆದಿದ್ದೂ ಒಂದೇ ಕೋಣೆ ಸಾರ್. ನಂದು ವಿಷಯಾಂತರ ಆದ್ರೆ ಅವರದ್ದೂ ವಿಷಯಾಂತರ ಅಲ್ವಾ?"

ಫ್ಯಾನಿನ ಸದ್ದನ್ನು ದಾಟಿ ಆ ದನಿ ಹಾಲಿನ ಕೊನೆಯವರೆಗೂ ಹೋಯಿತು. ಹೆಡ್‌ಮಾಸ್ಟರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಹಾಳೆ ಹಿಡಿದುಕೊಂಡೇ ಆಫೀಸಿಗೆ ಹೊರಟುಹೋದರು. ಬೆಂಚು ಮೇಲೆ ಸಾಗಿಸಿ ಎಂದು ಆಮೇಲೆ ಯಾರೂ ಹೇಳಿ ಕಳಿಸಲಿಲ್ಲ, ದೊಡ್ಡ ಪರೀಕ್ಷೆಯನ್ನು ಮಕ್ಕಳು ಅಲ್ಲೇ ಬರೆದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಕ್ಷಣದಲ್ಲಿ ಪಿಸು ಇನ್ನೂ ನಿಂತೇ ಇದ್ದಳು. ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಇಡೀ ಸಾಲು. ಅಕ್ಕ ಅವನ್ನೆಲ್ಲ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಂದಿನ ದನಿಯಲ್ಲೇ ಹೇಳಿದಳು.

"ಹಿಂದಿನ ಬೆಂಚಿಗೂ ಕೇಳ್ತಮ್ಮ. ಕೂತ್ಕೋ."