ಎತ್ತು ಹಿಡಿಸದ ಬಾಗಿಲು

ಇವತ್ತು ಬೆಳಿಗ್ಗೆ ಅಂಗಡಿ ಗುಡಿಸುತ್ತಿದ್ದ ನನ್ನ ಹೆಂಡತಿ ಜೆರಾಕ್ಸ್ ಮಷೀನಿನ ಹಿಂದಿನಿಂದ ಒಂದು ಸೀಳಿದ ಹುಣಸೆ ಬೀಜವನ್ನು ಹೊರಗೆಳೆದಳು. ಒಂದು ಮೈ ಕಪ್ಪು, ಇನ್ನೊಂದು ಮೈ ಕಲ್ಲಿಗೆ ಉಜ್ಜಿ ಬೆಳ್ಳಗಾದದ್ದು. "ಎಸೀಲಾ?" ಎಂದಳು. ನಾನು ಗಾಬರಿಯಾಗಿ ಅವಳ ಕೈಯಿಂದ ಕಿತ್ತುಕೊಂಡೆ. ಆಗ ಅವಳು ನನ್ನನ್ನು ನೋಡಿದ ನೋಟವನ್ನು ವಿವರಿಸುವುದಿಲ್ಲ. ಮದುವೆಯಾದವರಿಗೆ ಅದು ಗೊತ್ತಿರುತ್ತದೆ.

ಈ ಬೀಜದ ಕಥೆಯನ್ನು ಒಂದು ಇಂಗ್ಲಿಷ್ ಪುಸ್ತಕದಿಂದ ಶುರು ಮಾಡಬೇಕು. ಚಳ್ಳಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕೆಲವು ವರ್ಷಗಳ ಹಿಂದೆ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ದಪ್ಪನೆಯ ಪುಸ್ತಕವೊಂದನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಡಿ ಎಂದು ಹೇಳಿ ಹೋದವನು ಮತ್ತೆ ಬರಲೇ ಇಲ್ಲ. ಪಹಣಿ, ಆಧಾರ್ ಬಿಟ್ಟರೆ ಬೇರೇನೂ ಓದದ ನಾನು ಕೂತು ಕೂತು ಅದನ್ನೇ ಓದಿದೆ. ಅದೊಂದು ಆಟದ ಪುಸ್ತಕ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡ್ತೀನಿ, ಹಾಗೆ ಮಾಡ್ತೀನಿ ಅನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವನ ತೀರ್ಮಾನವೇ ಕೊನೆಯದು ಎಂಬರ್ಥದ ಒಂದು ಸಾಲಿತ್ತು. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದೆ. ಅದರ ಮುಂದಿನ ಪುಟ ಮಷೀನಿನಲ್ಲಿ ಸಿಕ್ಕಿ ಹರಿದುಹೋಗಿತ್ತು. ಅದರಲ್ಲಿ ಏನಿತ್ತೋ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಹೆಂಡತಿಯ ಮಾತು, ಅಂಗಡಿಯಲ್ಲಿ ಗಿರಾಕಿಯ ಮಾತು ಕೇಳಿಕೊಂಡು ಬಂದ ಮನುಷ್ಯನಿಗೆ ತನ್ನ ಮಾತೇ ನಡೆಯುವ ಜಾಗವೊಂದು ಸಿಕ್ಕರೆ ಏನಾಗುತ್ತದೆ, ನೀವೇ ಯೋಚಿಸಿ.

ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಮೂವರನ್ನು ಕೂರಿಸಿಕೊಂಡೆ. ಒಬ್ಬ ಎಣ್ಣೆ ಮಿಲ್ಲಿನ ತಿಪ್ಪೇಶ; ಅವನು ಬಂದರೆ ಅಂಗಡಿಯೆಲ್ಲ ಶೇಂಗಾ ಹಿಂಡಿಯ ವಾಸನೆ. ಇನ್ನೊಬ್ಬಳು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಸರೋಜಕ್ಕ. ವಾರಕ್ಕೊಮ್ಮೆ ಇಲ್ಲಿನ ಮಗಳ ಮನೆಗೆ ಬರುತ್ತಿದ್ದಳು. ಮೂರನೆಯವನು ಅವಳು ಬರುವ ಖಾಸಗಿ ಬಸ್ಸಿನ ಕಂಡಕ್ಟರ್ ಪಾಲಯ್ಯ, ಹೈಸ್ಕೂಲಿನಿಂದ ನನ್ನ ಗೆಳೆಯ. ಎರಡು ಟ್ರಿಪ್ಪಿನ ನಡುವೆ ಅವನಿಗೆ ಮೂರು ಗಂಟೆ ಬಿಡುವು. ಅವನ ಊರು ಬಿ.ಜಿ. ಕೆರೆಯ ಆಚೆ. ಅವನಪ್ಪ ದೇವರ ಎತ್ತುಗಳ ಹಿಂಡು ಕಾಯುವ ಕಿಲಾರಿ. ಅಪ್ಪನ ನಂತರ ಆ ಕೆಲಸ ಅಣ್ಣನಿಗೆ ಹೋಯಿತು. ದೇವರಿಗೆ ಬಿಟ್ಟ ಆ ಎತ್ತುಗಳ ಹೆಗಲಿಗೆ ನಮ್ಮ ಕಡೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ; ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. "ಅಣ್ಣಂಗೆ ಎತ್ತು ಬಂದ್ವು, ನಂಗೆ ಸೀಟಿ ಬಂತು" ಎಂದು ಪಾಲಯ್ಯ ನಗುತ್ತಿದ್ದ. ನಾವೂ ನಗುತ್ತಿದ್ದೆವು.

ದಾಳಕ್ಕೆ ಸರೋಜಕ್ಕ ಚೌಕಾಬಾರದ ನಾಲ್ಕು ಹುಣಸೆ ಬೀಜ ತಂದಳು. ನಾಲ್ಕೂ ಕಪ್ಪು ಬಿದ್ದರೆ ಚೌಕಾಬಾರದಲ್ಲಿ ಎಂಟು, ಎಲ್ಲಕ್ಕಿಂತ ದೊಡ್ಡ ಗರ. ನನ್ನ ಅಧಿಕಾರ ತೋರಿಸಬೇಕಲ್ಲ, ಇಲ್ಲಿ ನಾಲ್ಕು ಕಪ್ಪು ಬಿದ್ದರೆ ಅನಾಹುತ ಎಂದು ಕಾನೂನು ಮಾಡಿದೆ.

"ಏಮಪ್ಪಾ, ಎಂಟು ಬಿದ್ರೆ ಕುಣೀಬೇಕು. ನೀನು ಅಳಿಸ್ತೀಯಲ್ಲ" ಎಂದಳು ಸರೋಜಕ್ಕ.

"ಪುಸ್ತಕದಾಗೆ ಹಂಗೈತೆ" ಎಂದೆ. ಪುಸ್ತಕದಲ್ಲಿ ಹುಣಸೆ ಬೀಜವೇ ಇರಲಿಲ್ಲ.

ಪುಸ್ತಕದಲ್ಲಿದ್ದ ಹಿಮದ ಬೆಟ್ಟಗಳನ್ನೆಲ್ಲ ತೆಗೆದು ಬಂಡೆಗುಡ್ಡ, ಜಾಲಿ, ಕರಡಿ ಹಾಕಿದೆ. ಗುಡ್ಡದ ಹೊಟ್ಟೆಯೊಳಗೆ ಒಂದು ಕೋಟೆ, ಅದಕ್ಕೆ ಏಳು ಬಾಗಿಲು, ಬಾಗಿಲಿಗೊಂದು ಒಗಟು ಎಂದು ನಲವತ್ತು ಪುಟ ಬರೆದೆ. ತಿಪ್ಪೇಶ ಸಿಪಾಯಿಯಾದ, ಎಲ್ಲಿಗೆ ಹೋದರೂ ಮೊದಲು ಊಟಕ್ಕೇನೈತೆ ಎಂದು ಕೇಳುವ ಸಿಪಾಯಿ. ಸರೋಜಕ್ಕ ಕಳ್ಳಿಯಾದಳು. ಹುಟ್ಟಿದಾಗಿನಿಂದ ಒಂದು ಎಳೆ ರೇಷ್ಮೆ ಕದ್ದಿಲ್ಲ, ಇಲ್ಲಾದರೂ ಕದಿಯುತ್ತೇನೆ ಎಂದವಳು ಮೊದಲ ದಿನವೇ ದಾರಿಯಲ್ಲಿ ಸಿಕ್ಕ ರಾಣಿಯ ಅರಮನೆಯಿಂದ ಒಂದು ರೇಷ್ಮೆ ಸೀರೆ ಕದ್ದಳು. ಪಾಲಯ್ಯನಿಗೆ ಕತ್ತಿ ಬೇಕೋ ಬಿಲ್ಲು ಬೇಕೋ ಎಂದು ಕೇಳಿದೆ.

"ಎರಡೂ ಬ್ಯಾಡಲೇ. ನಂಗೊಂದು ಎತ್ತು ಕೊಡು."

ಕೊಟ್ಟೆ. ಅದಕ್ಕೆ ಮುತ್ತ ಎಂದು ಹೆಸರಿಟ್ಟ. ಕೊಟ್ಟದ್ದೇ ತಪ್ಪಾಯಿತು. ನನ್ನ ಕೋಟೆಯ ಮುಂದೆ ನಾಲ್ಕು ಭಾನುವಾರ ಆ ಎತ್ತು ಮೇಯಿತು. ಹುಲ್ಲು ಎಲ್ಲೈತೆ, ನೀರು ಎಲ್ಲೈತೆ, ರಾತ್ರಿ ಚಿರತೆ ಬಂದರೆ ಬೇಲಿ ಹೆಂಗೆ ಕಟ್ಟೋದು, ಇದೇ ಚರ್ಚೆ. ತಿಪ್ಪೇಶ ಮುಳ್ಳು ಕಡಿದ, ಸರೋಜಕ್ಕ ಯಾರದೋ ಹೊಲದಿಂದ ಮೇವು ಕದ್ದಳು. ಮೂವರೂ ಎಷ್ಟು ಖುಷಿಯಾಗಿದ್ದರೆಂದರೆ ನನಗೆ ಹೊಟ್ಟೆ ಉರಿಯಿತು. ಐದನೆಯ ವಾರ ನಾನೇ ಅವರನ್ನು ಬಾಗಿಲವರೆಗೆ ದಬ್ಬಿಕೊಂಡು ಹೋದೆ.

"ಬಾಗಿಲು ಎಷ್ಟಗಲ ಐತೆ?" ಎಂದ ಪಾಲಯ್ಯ.

"ಒಬ್ಬ ಮನುಷ್ಯ ಬಗ್ಗಿ ಹೋಗೋವಷ್ಟು."

"ಹಂಗಾದ್ರೆ ಮುತ್ತ ಹಿಡಿಸಲ್ಲ. ನಾವು ಹೋಗಲ್ಲ ಬಿಡು."

ನಲವತ್ತು ಪುಟ ಸ್ವಾಮಿ. ನನಗೆ ರೇಗಿತು. ಬಾಗಿಲ ಮೇಲಿನ ಬಂಡೆ ಉರುಳುತ್ತಿದೆ, ಎತ್ತು ತಪ್ಪಿಸಿಕೊಳ್ಳುತ್ತದೋ ನೋಡೋಣ, ಬೀಜ ಹಾಕು ಎಂದೆ. ಹಾಕಿದ. ನಾಲ್ಕೂ ಕಪ್ಪು. ಎಲ್ಲರೂ ನನ್ನ ಮುಖ ನೋಡಿದರು. ಕಾಲು ಮುರಿಯಿತು ಅನ್ನಬಹುದಿತ್ತು, ಕೋಡು ಮುರಿಯಿತು ಅನ್ನಬಹುದಿತ್ತು. "ಮುತ್ತ ಸತ್ತಿತು. ಈಗ ದಾರಿ ಖಾಲಿ ಐತೆ, ಒಳಗೆ ಹೋಗಿ. ಮೊದಲನೇ ಒಗಟು..." ಎಂದು ಪುಟ ತಿರುಗಿಸಿದೆ.

ಪಾಲಯ್ಯ ಬೀಜಗಳನ್ನು ಬದಿಗೆ ಸರಿಸಿ ಎದ್ದ. ಒಂದು ಉರುಳಿ ಎಲ್ಲೋ ಹೋಯಿತು. "ಬಸ್ಸಿಗೆ ಟೈಮಾತು" ಎಂದ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

ಮೂರು ಭಾನುವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ಆಟವೆಂದರೆ ಆಟ, ಬೀಜ ಬಿದ್ದಂತೆ ಆಗಬೇಕು ಎಂದು ನಾನು ತಿಪ್ಪೇಶನಿಗೆ ಭಾಷಣ ಮಾಡಿದೆ. ಅವನು "ಬಂಡೆ ಉರುಳಿಸಿದ್ದು ಬೀಜ ಅಲ್ಲ, ನೀನು" ಎಂದು ಹೇಳಿ ಹಿಂಡಿಯ ಕೈ ಒರೆಸಿಕೊಂಡು ಹೋದ. ನಾಲ್ಕನೆಯ ವಾರ ತಡೆಯಲಾರದೆ ಪಾಲಯ್ಯನ ಬಸ್ಸನ್ನೇ ಹತ್ತಿದೆ. ಅವನು ಬಂದು ಟಿಕೆಟ್ ಮಷೀನು ನೋಡುತ್ತ, "ಎಲ್ಲಿಗ್ರೀ?" ಎಂದ. ಮೂವತ್ತು ವರ್ಷ ಲೇ ಅನ್ನಿಸಿಕೊಂಡವನು ನಾನು. ಆ ಒಂದು ಮರ್ಯಾದೆಯೇ ಸಾಕಾಯಿತು. ಇವನನ್ನು ಕಳೆದುಕೊಂಡೆನಲ್ಲ, ಅದೂ ಇಲ್ಲದ ಒಂದು ಎತ್ತಿನಿಂದ, ಅಂತ ಭಯವಾಯಿತು.

ತಳಕಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅವನ ಹಿಂದೆಯೇ ಇಳಿದೆ. ತಯಾರಿ ಮಾಡಿಕೊಂಡೇ ಹೋಗಿದ್ದೆ. ಗುಡ್ಡದ ಮೇಲೆ ಒಂದು ಸಂಜೀವಿನಿ ಬೇರಿದೆ, ಅದನ್ನು ಅರೆದು ಹಾಕಿದರೆ ಮುತ್ತ ಎದ್ದು ಕೂರುತ್ತಾನೆ, ಹೊಸ ಪುಟವನ್ನೇ ಬರೆದಿದ್ದೇನೆ ಎಂದೆ.

ಪಾಲಯ್ಯ ಲೋಟ ಕೆಳಗಿಟ್ಟ. "ಎಬ್ಬಿಸು ಅಂತ ಯಾರು ಕೇಳಿದ್ರು? ಸತ್ತಿದ್ದು ಸತ್ತೈತೆ. ಬೀಜ ಹಾಕಿದ್ದು ನಾನೇ."

"ಮತ್ತೆ?"

"ಸಾಯಿಸಿದ ಮ್ಯಾಲೆ ಪುಟ ತಿರುಗಿಸಿದೆ ನೀನು. ಒಗಟು ಕೇಳಕ್ಕೆ ಹತ್ತಿದೆ. ಮಣ್ಣು ಮಾಡಬೇಕಾ ಬ್ಯಾಡ್ವಾ? ಅಪ್ಪನ ಕಾಲದಿಂದ ನಮ್ಮನ್ಯಾಗೆ ಒಂದು ಎತ್ತು ಹಂಗೆ ಬಿಟ್ಟು ಬಂದಿಲ್ಲ. ನನ್ನ ಕೈಗೆ ಸಿಕ್ಕಿದ್ದು ಒಂದೇ ಒಂದು. ಅದನ್ನೂ ಬಾಗಿಲಾಗೆ ಬಿಟ್ಟು ಬಾ ಅಂದೆ."

ಡ್ರೈವರ್ ಹಾರ್ನ್ ಹೊಡೆದ. "ಈ ಭಾನುವಾರ ಬಾ, ಮಣ್ಣು ಮಾಡಾಣ" ಎಂದೆ. ಅವನು ಸೀಟಿ ಊದಿ ಹತ್ತಿಕೊಂಡ.

ಬಂದ. ಆ ಮಧ್ಯಾಹ್ನ ಬೀಜಗಳನ್ನು ಯಾರೂ ಮುಟ್ಟಲಿಲ್ಲ. ಪಾಲಯ್ಯ ಹೇಳುತ್ತ ಹೋದ, ನಾವು ಕೇಳುತ್ತ ಹೋದೆವು: ಗುಂಡಿ ಎಷ್ಟು ಆಳ, ತಲೆ ಯಾವ ದಿಕ್ಕಿಗೆ, ಹಾಲು ಯಾವಾಗ ಬಿಡಬೇಕು. ಹೊದಿಸಲು ಹೊಸ ಬಟ್ಟೆ ಬೇಕೆಂದಾಗ ಸರೋಜಕ್ಕ, "ರಾಣಿ ಅರಮನೆಯಾಗೆ ಕದ್ದ ಸೀರೆ ಐತಲ್ಲ, ಅದನ್ನ ಹೊದಿಸ್ತೀನಿ" ಎಂದಳು. ಆಟದಲ್ಲಿ ಅವಳು ಗಳಿಸಿದ್ದ ಆಸ್ತಿ ಅದೊಂದೇ. ತಿಪ್ಪೇಶ, "ನನ್ನ ಸಿಪಾಯಿ ಇವತ್ತು ಉಪವಾಸ" ಎಂದ. ನಗು ಬರಬೇಕಿತ್ತು, ಬರಲಿಲ್ಲ.

ಗಾಳಿ ಬೀಸಿಸುವವನು ನಾನು, ಮಳೆ ತರಿಸುವವನು ನಾನು, ಆದರೆ ಆ ಕಥೆಯೊಳಗೆ ನನಗೊಂದು ಕೈಯಿರಲಿಲ್ಲ, ಕಾಲಿರಲಿಲ್ಲ. ಮೂವರೂ ಒಂದೊಂದು ಹಿಡಿ ಮಣ್ಣು ಹಾಕಿದೆವು ಎಂದ ಮೇಲೆ ಪಾಲಯ್ಯ ನನ್ನ ಕಡೆ ತಿರುಗಿದ.

"ನೀನೂ ಬಾರಲೇ. ಒಂದು ಹಿಡಿ ಹಾಕು."

ಹಾಕಿದೆ. ಖಾಲಿ ಅಂಗೈಯನ್ನು ಟೇಬಲ್ಲಿನ ಮೇಲೆ ಬಿಚ್ಚಿದೆ, ಅಷ್ಟೇ. ಕಣ್ಣು ಮಾತ್ರ ಮಂಜಾಯಿತು.

ಆಟ ಇನ್ನೂ ನಡೆದಿದೆ, ಬೇರೆ ನಾಲ್ಕು ಬೀಜಗಳಲ್ಲಿ. ಏನಾಗುತ್ತದೆ ಎಂದು ಹೇಳುವವನು ಈಗಲೂ ನಾನೇ. ಅದನ್ನು ಅವರಾರೂ ಕಿತ್ತುಕೊಳ್ಳಲಿಲ್ಲ. ಆದರೆ ಹೇಳಿದ ಮೇಲೆ ಪುಟ ತಿರುಗಿಸುವುದಿಲ್ಲ. ನೀವೇನು ಮಾಡ್ತೀರಿ ಎಂದು ಕೇಳಿ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ಹರಿದುಹೋದ ಪುಟದಲ್ಲಿ ಇದ್ದದ್ದು ಇದೇ ಇರಬೇಕು ಅನ್ನಿಸುತ್ತದೆ. ಕೋಟೆಯೊಳಗೆ ಮಾತ್ರ ಇವತ್ತಿನವರೆಗೂ ಯಾರೂ ಕಾಲಿಟ್ಟಿಲ್ಲ.

ಬೆಳಿಗ್ಗೆ ಸಿಕ್ಕ ಬೀಜವನ್ನು ತೊಳೆದು, ಅಂಗಡಿ ಮುಂದಿನ ದಾಸವಾಳದ ಕುಂಡದಲ್ಲಿ ಬೆರಳಿನಿಂದ ಗುಂಡಿ ತೋಡಿದೆ. ಹೆಂಡತಿ ಪೊರಕೆ ಹಿಡಿದೇ ನೋಡುತ್ತಿದ್ದಳು.

"ಸೀಳಿದ ಬೀಜ ಮೊಳೀತದೇನ್ರಿ?"

"ಮೊಳೀಲಿ ಅಂತ ಹಾಕ್ತಿಲ್ಲ ಕಣೆ" ಎಂದೆ.

ಅವಳು ಪೊರಕೆ ಕೆಳಗಿಟ್ಟಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಅದರ ಮೇಲೆ ಹಾಕಿದಳು.