ಕಕ್ಕಿದ ತುತ್ತು

ಕಾಡವ್ವನ ಸಿಟ್ಟಿಗೆ ಆ ಕೇಂದ್ರದಲ್ಲಿ ಹೆದರದವರೇ ಇಲ್ಲ, ತೋಳಗಳನ್ನು ಬಿಟ್ಟರೆ. ನೀರಿನ ತೊಟ್ಟಿಯಲ್ಲಿ ಪಾಚಿ ಕಂಡರೆ ಸಿಟ್ಟು, ಬೇಲಿಯ ಹತ್ತಿರ ನಿಂತು ಶಿಳ್ಳೆ ಹೊಡೆಯುವವರನ್ನು ಕಂಡರೆ ಸಿಟ್ಟು, ಮೊಬೈಲು ಹಿಡಿದು 'ನಾಯಿ ಹಂಗ ಐತಲ್ಲ' ಅಂದವರ ಮೇಲಂತೂ ಕೆಂಡದಂಥ ಸಿಟ್ಟು. ಆದರೆ ಕಳೆದ ಸಂಕ್ರಾಂತಿಯ ಮುಂದೆ ಬಂದ ಸಿಟ್ಟು ಹಾಗೆ ಬಂದು ಹೀಗೆ ಹೋಗುವಂಥದ್ದಾಗಿರಲಿಲ್ಲ. ಅದರಲ್ಲಿ ಅರ್ಧ ಅವಳ ಮೇಲೆಯೇ ಇತ್ತು.

ಯರಗಟ್ಟಿಯಿಂದ ಗುಡ್ಡದ ಕಡೆ ಹೋದರೆ, ಜಾಲಿ ಕುರುಚಲಿನ ನಡುವೆ ಎರಡಾಳೆತ್ತರದ ತಂತಿ ಬೇಲಿ ಹಾಕಿದ ತೋಳ ಸಾಕಣೆ ಕೇಂದ್ರ. ಹನ್ನೊಂದು ವರ್ಷದಿಂದ ಅಲ್ಲಿ ಮಾಂಸ ಹಾಕುವವಳು, ಆವರಣ ಗುಡಿಸುವವಳು, ಹುಣ್ಣಿಗೆ ಔಷಧ ಹಚ್ಚುವವಳು ಎಲ್ಲ ಕಾಡವ್ವನೇ. ಬೇರೆ ಆಳುಗಳು ಇದ್ದರು, ಇಲ್ಲವೆಂದಲ್ಲ. ಮಾಂಸದ ಬುಟ್ಟಿ ಕಂಡರೆ ನಾಲ್ಕು ಮಾರು ದೂರ ಸರಿಯುವವರು ಅವರು. ಗೇಟಿನ ಕಾವಲುಗಾರ ಗುರುನಾಥನಂತೂ ಬುಟ್ಟಿ ಒಳಗೆ ಹೋಗುವ ತನಕ ಮೂಗು ಮುಚ್ಚಿಕೊಂಡು ಆಕಾಶ ನೋಡುತ್ತಿದ್ದ. 'ಏ ಗುರುನಾಥಾ, ಮ್ಯಾಲಿನ ದೇವರು ಏನಂತಾನೋ?' ಎಂದು ಕಾಡವ್ವ ಕಾಡಿಸಿಯೇ ಮುಂದೆ ಹೋಗುತ್ತಿದ್ದಳು.

ಕೆಲಸ ಮುಗಿದ ಮೇಲೆ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು ನೋಡುವುದು ಅವಳ ರೂಢಿ. ಎರಡು ಮುದಿ ತೋಳ ಅಲ್ಲಿ, ಒಂದು ಗಂಡು, ಒಂದು ಹೆಣ್ಣು. ಹೆಣ್ಣಿಗೆ ಹಿರೇವ್ವ ಅಂತ ಹೆಸರಿಟ್ಟವಳೂ ಇವಳೇ. ಹಿರೇವ್ವನಿಗೆ ಮರಿಯಾಗಿರಲಿಲ್ಲ, ಆಗುವ ವಯಸ್ಸೂ ದಾಟಿತ್ತು. ಅದು ಕಿವಿ ಮಡಚಿದರೆ ಏನು, ಬಾಲ ಕೆಳಗಿಳಿಸಿದರೆ ಏನು, ಗಾಳಿಗೆ ಮೂಗೆತ್ತಿ ನಿಂತರೆ ಯಾವ ಊರಿನ ಕುರಿ ಹಿಂಡು ಗುಡ್ಡ ಇಳಿಯುತ್ತಿದೆ, ಎಲ್ಲ ಕಾಡವ್ವನಿಗೆ ಬಾಯಿಪಾಠ.

ಸಂಕ್ರಾಂತಿಗೆ ನಾಲ್ಕು ವಾರ ಇರುವಾಗ ಕಟಕೋಳದ ಕಡೆಯಿಂದ ಮೂರು ಮರಿ ಬಂದವು. ಗರಸು ಮಣ್ಣು ತೆಗೆಯಲು ಹೋದ ಜೆಸಿಬಿಯೊಂದು ಗುಡ್ಡದ ಬುಡದಲ್ಲಿದ್ದ ತೋಳದ ಗವಿಯನ್ನೇ ಕಿತ್ತುಹಾಕಿತ್ತು. ತಾಯಿ ಓಡಿಹೋಗಿತ್ತೋ ಮಣ್ಣಿನ ಕೆಳಗೇ ಉಳಿದಿತ್ತೋ, ಯಾರೂ ನೋಡಲಿಲ್ಲ. ಮರಿಗಳಿಗೆ ಐದು ವಾರ ಇದ್ದೀತು. ಎರಡು ಗಂಡು, ಗುಂಡುಗುಂಡಾಗಿದ್ದವು. ಮೂರನೆಯದು ಹೆಣ್ಣು, ಅಂಗೈಯಗಲ. ಕಾಡವ್ವ ಅದನ್ನು ಸಣ್ಣಕಿ ಎಂದಳು. ಗಂಡುಮರಿಗಳು ಬಾಟಲಿಯ ಹಾಲು ಗಟಗಟ ಕುಡಿದರೆ ಸಣ್ಣಕಿ ರಬ್ಬರನ್ನು ಕಚ್ಚಿ ಉಗುಳುತ್ತಿತ್ತು. ಬೆರಳಿಗೆ ಹಾಲು ಅದ್ದಿ ನೆಕ್ಕಿಸಿ ನೆಕ್ಕಿಸಿ ಕಾಡವ್ವ ಅದರ ಜೀವ ಹಿಡಿದಿದ್ದಳು.

ಹತ್ತು ದಿನ ಜಾಲರಿಯ ಆಚೆ ಈಚೆ ಇಟ್ಟು ಮೂಸಿಸಿ, ಆಮೇಲೆ ಮರಿಗಳನ್ನು ಹಿರೇವ್ವನ ಆವರಣಕ್ಕೆ ಬಿಟ್ಟರು. ಆ ಮುದಿ ಹೆಣ್ಣು ಮರಿಗಳನ್ನು ಒಂದೊಂದಾಗಿ ಮಗುಚಿ ಹೊಟ್ಟೆ ನೆಕ್ಕಿತು ನೋಡ್ರೀ, ಕಾಡವ್ವನ ಕಣ್ಣಲ್ಲಿ ನೀರೇ ಬಂತು.

ಇನ್ನು ಸಾಹೇಬರ ಕಥೆ. ಗೌರೀಶ ಬೈಲಹೊಂಗಲದವನು, ಮೂವತ್ತರ ಪ್ರಾಯ, ಕೇಂದ್ರದ ಅಧಿಕಾರಿಯಾಗಿ ದೀಪಾವಳಿಗೆ ಬಂದವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವನಲ್ಲ, ಕಾಡವ್ವನ ಕೈಯ ಚಹಾ ಕುಡಿಯುತ್ತಿದ್ದ. ಸಣ್ಣಂದಿನಿಂದ ಮಠದ ದಾಸೋಹದಲ್ಲಿ ಬಡಿಸಿ ಬೆಳೆದವನಾದ್ದರಿಂದ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗುವುದು ಅವನಿಗೆ ಸೇರದು. ಮುದಿ ಗಂಡು ಮೊದಲು ತಿಂದು ಹಿರೇವ್ವ ಆಮೇಲೆ ತಿನ್ನುವುದನ್ನು ಕಂಡು, 'ಇದು ಅನ್ಯಾಯ ಅಲ್ಲೇನ್ರಿ ಕಾಡವ್ವಾರ?' ಎಂದು ಐದು ಸ್ಟೀಲಿನ ತಟ್ಟೆ ತರಿಸಿದ. ಮಾಂಸವನ್ನು ಮೂರು ನೀರಿನಲ್ಲಿ ತೊಳೆದು, ಒಂದೇ ಅಳತೆಯಲ್ಲಿ ಹೆಚ್ಚಿ, ಸಾಲಾಗಿ ಇಡಬೇಕು. ತೋಳಗಳಿಗೆ ಪಂಕ್ತಿ ಊಟ! ಕಾಡವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕಿದ್ದೇ ತಪ್ಪಾಯಿತು ಎಂದು ಆಮೇಲೆ ಅನ್ನಿಸಿತು. ಆಗಲೇ ಜಗಳ ತೆಗೆಯಬೇಕಿತ್ತು.

ಮರಿಗಳನ್ನು ಬಿಟ್ಟ ನಾಲ್ಕನೆಯ ದಿನ ಮಧ್ಯಾಹ್ನ. ಹಿರೇವ್ವ ತನ್ನ ಪಾಲು ತಿಂದು ಜಾಲಿಯ ನೆರಳಿಗೆ ಬಂದಿತ್ತು. ಮರಿಗಳು ಓಡಿಹೋಗಿ ಅದರ ಬಾಯಿಯ ಮೂಲೆ ನೆಕ್ಕಿದವು. ಹಿರೇವ್ವ ತಲೆ ತಗ್ಗಿಸಿತು, ಬೆನ್ನು ಬಾಗಿಸಿತು, ಹೊಟ್ಟೆಯನ್ನು ಎರಡು ಸಲ ಒಳಕ್ಕೆಳೆದು ಬಿಸಿಬಿಸಿ ಮಾಂಸವನ್ನು ನೆಲಕ್ಕೆ ಕಕ್ಕಿತು. ಮರಿಗಳು ಮುಗಿಬಿದ್ದವು. ಸಣ್ಣಕಿಯೂ ಬಿತ್ತು! ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅದು ಬಾಯಿ ತುಂಬ ತಿಂದದ್ದು.

'ಅಯ್ಯೋ, ವಾಂತಿ!' ಗೌರೀಶ ದಾರಿಯಲ್ಲಿ ನಿಂತು ಕೂಗಿದ. 'ಕಾಡವ್ವಾರ, ಪೈಪ್ ತಗೋರಿ, ಲಗೂನ ತೊಳೀರಿ! ಮರಿಗೋಳು ಅದನ್ನ ತಿನ್ನಾಕ ಹತ್ಯಾವು, ರೋಗ ಹತ್ತತೈತಿ!'

'ಇದು ರೋಗ ಅಲ್ರಿ ಸಾಹೇಬ್ರ.'

'ನಿಮಗ ಹೆಂಗ ಗೊತ್ತು?'

ಹೆಂಗ ಗೊತ್ತು! ಅವಳಪ್ಪ ಸತ್ಯಪ್ಪ ಕಟಕೋಳದಲ್ಲಿ ಸತ್ತ ದನ ಎಳೆದು ಊರಾಚೆ ಒಯ್ದು ಚರ್ಮ ಸುಲಿಯುತ್ತಿದ್ದವನು. ಎಂಟು ವರ್ಷದ ಕಾಡವ್ವ ದಿಬ್ಬದ ಮೇಲೆ ಕೂತು, ಅಪ್ಪ ಸುಲಿದು ಬಿಟ್ಟ ದನದ ಹೆಣಕ್ಕೆ ತೋಳ ಬರುವುದನ್ನು ನೋಡಿದವಳು. ತಿಂದ ತೋಳ ಹಳ್ಳ ದಾಟಿ ಗವಿಯ ಬಾಯಿಗೆ ಹೋಗಿ ಮರಿಗಳ ಮುಂದೆ ಕಕ್ಕುವುದನ್ನು ಅಪ್ಪನೇ ತೋರಿಸಿದ್ದ. 'ಅದಕ್ಕ ಬುತ್ತಿ ಕಟ್ಟಾಕ ಅರಿವಿ ಇಲ್ಲವ್ವ, ಹೊಟ್ಟೀನ ಅದರ ಬುತ್ತಿ' ಅಂದಿದ್ದ. ಆದರೆ ಅಪ್ಪನ ಕಸುಬಿನ ಮಾತನ್ನು ಕಾಡವ್ವ ಈ ಕೇಂದ್ರದಲ್ಲಿ ಹನ್ನೊಂದು ವರ್ಷ ಬಾಯಿ ಬಿಟ್ಟು ಆಡಿರಲಿಲ್ಲ. ಗುರುನಾಥ ಗೇಟಿನಲ್ಲಿ ನಿಂತು ಕೇಳುತ್ತಿದ್ದ. ಅವಳಿಗೆ ನಾಚಿಕೆಯಾಯಿತು. ಸುಮ್ಮನೆ ಪೈಪ್ ಹಿಡಿದು ತೊಳೆದಳು. ಸಣ್ಣಕಿ ಹರಿಯುವ ನೀರಿನ ಹಿಂದೆ ಹಿಂದೆ ಓಡಿ ಚೂರುಗಳನ್ನು ಹಿಡಿಯಲು ನೋಡಿತು. ಅದನ್ನೂ ಅವಳು ಕಣ್ಣಾರೆ ಕಂಡಳು, ಕಂಡೂ ತೊಳೆದಳು.

ಮರುದಿನವೂ ಹಿರೇವ್ವ ಕಕ್ಕಿತು. ಗೌರೀಶ ಡಾಕ್ಟರಿಗೆ ಫೋನು ಮಾಡಿ, ಹೆಣ್ಣು ತೋಳಕ್ಕೆ ವಾಂತಿ ಎಂದಷ್ಟೇ ಹೇಳಿದ. ಮರಿಗಳ ಮಾತೇ ಎತ್ತಲಿಲ್ಲ. ಜಂತುಹುಳದ ಗುಳಿಗೆ ಕೊಡಿ, ಬೇರೆ ಇಡಿ ಎಂದು ಆ ಕಡೆಯಿಂದ ಉತ್ತರ ಬಂತು. ಹಿರೇವ್ವ ಪಕ್ಕದ ಚಿಕಿತ್ಸೆಯ ಕೋಣೆ ಸೇರಿತು.

ಆವತ್ತು ಕಾಡವ್ವ ನಾಚಿಕೆಯನ್ನು ಬದಿಗಿಟ್ಟು ಸಾಹೇಬನ ಮೇಜಿನ ಮುಂದೆ ನಿಂತಳು. ಅಪ್ಪ, ಸತ್ತ ದನ, ಹಳ್ಳ, ಗವಿ, ಒಂದೂ ಬಿಡದೆ ಹೇಳಿದಳು. 'ಅದು ಉಣಸಾಕ ಹತ್ತಿತ್ರಿ. ನಾವು ತಾಟಿನ್ಯಾಗ ಇಟ್ಟದ್ದು ಸಣ್ಣಕಿ ತಿನ್ನಂಗಿಲ್ಲ. ತಾಯಿ ಹೊಟ್ಟಿಯಿಂದ ಬಂದದ್ದ ಬೇಕು ಅದಕ್ಕ.'

ಗೌರೀಶ ಗೌರವದಿಂದಲೇ ಕೇಳಿದ. ಮುಖ ಮಾತ್ರ ಹುಳ್ಳಗಾಯಿತು. 'ಅದು ಅಡವ್ಯಾಗ ನಡೀತೈತ್ರಿ ಕಾಡವ್ವಾರ. ಇಲ್ಲಿ ಸ್ವಚ್ಛತಾ ಮುಖ್ಯ. ಎಂಜಲಾ ಅಲ್ಲ, ವಾಂತಿ ಅದು. ನಾ ಹೆಂಗ ತಿನ್ನಾಕ ಬಿಡ್ಲಿ?'

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಇವನಲ್ಲಿ ಒಕ್ಕಾಲೇ ಮುಕ್ಕಾಲನ್ನು ನುಂಗಿ ಕೂತಿತ್ತು. ತೋಳದ ಬಾಯಿಗೂ ತನ್ನ ಮನೆಯ ಮಡಿ ಕಟ್ಟಲು ಹೊರಟವನಿಗೆ ಏನು ಹೇಳುವುದು? ಕಾಡವ್ವನ ಮೈಯೆಲ್ಲ ಉರಿಯಿತು.

ಗಂಡುಮರಿಗಳು ತಟ್ಟೆಗೆ ಹೊಂದಿಕೊಂಡವು. ಸಣ್ಣಕಿ ತಟ್ಟೆಯನ್ನು ಮೂಸಿ ಹಿಂದೆ ಸರಿಯುತ್ತಿತ್ತು. ಚಿಕಿತ್ಸೆಯ ಕೋಣೆಯ ಬಾಗಿಲಿಗೆ ಹೋಗಿ ಸಂದಿಗೆ ಮೂತಿ ಇಟ್ಟು ಕುಂಯ್ ಎನ್ನುತ್ತಿತ್ತು. ಒಳಗಿನಿಂದ ಹಿರೇವ್ವ ತಗಡನ್ನು ಕೆರೆಯುತ್ತಿತ್ತು. ಇಡೀ ದಿನ ಅದೇ ಸದ್ದು. ಕಾಡವ್ವ ಮೊದಲಿನಂತೆ ಬೆರಳಿಗೆ ಹಾಲು ಅದ್ದಿ ಕೊಟ್ಟಳು, ಮಾಂಸವನ್ನು ಅರೆದು ಹಚ್ಚಿ ಕೊಟ್ಟಳು, ಬಿಸಿ ಮಾಡಿ ಕೊಟ್ಟಳು, ಕೊನೆಗೆ ತಾನೇ ಅಗಿದು ಅಂಗೈಯಲ್ಲಿಟ್ಟು ಹಿಡಿದಳು. ಎರಡು ಸಲ ನೆಕ್ಕಿ ಸಣ್ಣಕಿ ಮುಖ ತಿರುಗಿಸಿತು.

ಹಿರೇವ್ವ ಕೋಣೆ ಸೇರಿದ ಆರನೆಯ ದಿನ ಕಾಡವ್ವ ಅಂಗಳದಲ್ಲಿ ನಿಂತೇ ಕೂಗಿದಳು. 'ಸಾಹೇಬ್ರ, ಆ ಕೂಸು ಸಾಯತೈತಿ! ಬಾಗಲಾ ತಗೀರಿ! ನಿಮ್ಮ ಕೈ ಮುಗೀತೇನಿ, ಕಾಲ ಹಿಡೀತೇನಿ!'

'ಇನ್ನ ಮೂರ ದಿನ ಗುಳಗಿ ಐತ್ರಿ. ಕೋರ್ಸ್ ಮುಗೀಲಿ,' ಎಂದ ಗೌರೀಶ.

ಕೋರ್ಸ್ ಅಂತೆ! ಕೀಲಿ ಅವಳ ಸೊಂಟದಲ್ಲೇ ಇತ್ತು, ಮಾರಾಯರೇ. ಹನ್ನೊಂದು ವರ್ಷದಿಂದ ಅಲ್ಲೇ ಇತ್ತು. ಆದರೂ 'ಸಾಹೇಬರು ಹೇಳ್ಯಾರ' ಅನ್ನುವ ಒಂದು ಮಾತು ಅವಳ ಕೈ ಕಟ್ಟಿತ್ತು. ಹೇಳಿದಂತೆ ಕೇಳಿ ಕೇಳಿ ಮನುಷ್ಯರ ಕೈ ಹಾಗಾಗುತ್ತದೆ. ಇದನ್ನು ನೆನೆದರೆ ಅವಳಿಗೆ ಇವತ್ತಿಗೂ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಒಂಬತ್ತನೆಯ ದಿನ ಬೆಳಿಗ್ಗೆ ಸಣ್ಣಕಿ ಬಾಗಿಲ ಹತ್ತಿರ ಇರಲಿಲ್ಲ. ಜಾಲಿಯ ಬುಡದಲ್ಲಿ ಮಲಗಿತ್ತು. ಕಾಡವ್ವ ಕರೆದಾಗ ಒಂದು ಕಿವಿ ಅಲುಗಿತು, ಅಷ್ಟೇ. ಅವಳು ಯಾರನ್ನೂ ಕೇಳಲಿಲ್ಲ. ಮೊದಲು ಹಿರೇವ್ವನಿಗೆ ತೊಳೆಯದ ಮಾಂಸದ ತುಂಡನ್ನು ಇಡಿಯಾಗಿ ಎಸೆದಳು. ಅದು ತಿಂದು ಮುಗಿಸುವ ತನಕ ನಿಂತು ಕಾದು, ಕೀಲಿ ತಿರುವಿ ಜಾರುಬಾಗಿಲನ್ನು ಎಳೆದಳು. ಗೌರೀಶ 'ಕಾಡವ್ವಾರ! ಕಾಡವ್ವಾರ!' ಎನ್ನುತ್ತ ಓಡಿ ಬಂದ.

'ಮುಂದ ಬರಬ್ಯಾಡ್ರಿ,' ಎಂದಳು. ಅವನು ಅಲ್ಲೇ ನಿಂತ.

ಹಿರೇವ್ವ ಹೊರಗೆ ಬಂತು. ಗಂಡುಮರಿಗಳು ಜಿಗಿದು ಬಾಯಿಗೆ ಬಂದವು. ಅದು ಅವನ್ನು ದಾಟಿ ನೇರ ಜಾಲಿಯ ಬುಡಕ್ಕೆ ಹೋಯಿತು. ಸಣ್ಣಕಿಯನ್ನು ಮೂಸಿತು. ಬೆನ್ನು ಬಾಗಿಸಿ ಅದರ ಮೂತಿಯ ಮುಂದೆಯೇ ಕಕ್ಕಿತು. ಗಂಡುಮರಿಗಳು ನುಗ್ಗಿದಾಗ ಗುರ್ ಎಂದು ಹಲ್ಲು ತೋರಿಸಿ ದೂರ ಅಟ್ಟಿತು. ಆ ತುತ್ತು ಇನ್ನಾರಿಗೂ ಅಲ್ಲ. ಮೂಗಿನಿಂದ ಸಣ್ಣಕಿಯನ್ನು ನೂಕಿತು. ಮತ್ತೆ ನೂಕಿತು. ಸಣ್ಣಕಿಯ ತಲೆ ಆಚೆ ವಾಲಿತು, ತಿರುಗಿ ಬರಲಿಲ್ಲ. ಹಿರೇವ್ವ ಇನ್ನೊಂದು ಸಲ ತಲೆ ತಗ್ಗಿಸಿ ಹೊಟ್ಟೆಯಲ್ಲಿ ಉಳಿದಿದ್ದನ್ನೂ ಕಕ್ಕಿತು.

ಗೌರೀಶನ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. 'ನನಗ ತಿಳೀಲಿಲ್ರಿ. ನೀವು ಇನ್ನಷ್ಟು ಗಟ್ಟಿ ಹೇಳಬೇಕಿತ್ತು,' ಎಂದ.

'ಗಟ್ಟಿ?' ಕಾಡವ್ವ ಅವನ ಕಡೆ ತಿರುಗಿದಳು. 'ಮೂರ ಸಲ ಹೇಳೇನಿ. ನಮ್ಮಪ್ಪನ ಕಸುಬು ನಿಮ್ಮ ಮೇಜಿನ ಮ್ಯಾಲ ಬಿಚ್ಚಿಟ್ಟು ಹೇಳೇನಿ. ಅದಕ್ಕಿಂತ ಗಟ್ಟಿ ಹೆಂಗ ಹೇಳಬೇಕ್ರಿ ನಾ? ನಿಮಗ ಹೇಸಿಕಿ ಬಂತು. ಹೇಸಿಕಿ ಬಂದ ಕಿವಿಗಿ ಏನ್ ಹೇಳಿದ್ರೂ ಕೇಳಂಗಿಲ್ಲ.'

ಮಧ್ಯಾಹ್ನ ಅವನು ಕಚೇರಿಗೆ ಕರೆಸಿ, ದೊಡ್ಡ ಪುಸ್ತಕ ತೆರೆದು ಸಾಕ್ಷಿಯ ಸಹಿ ಕೇಳಿದ. ಕಾಡವ್ವ ಏಳನೇ ಇಯತ್ತೆಯ ತನಕ ಓದಿದವಳು. ಬೆರಳಿಟ್ಟು ಓದಿದಳು: 'ಮರಿ ಸಂಖ್ಯೆ ಮೂರು. ಸಹಜ ದೌರ್ಬಲ್ಯದಿಂದ ಮರಣ.'

'ಸಹಜ ಅಂದ್ರೇನ್ರಿ?'

ಗೌರೀಶ ಪೆನ್ನನ್ನು ಅವಳ ಕಡೆ ಸರಿಸಿದ.

ಅವಳು ಪೆನ್ನು ತೆಗೆದುಕೊಂಡು ಆ ಸಾಲಿನ ಕೆಳಗೆ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು: 'ತಾಯಿ ಉಣಿಸಿದ್ದನ್ನು ನಾವು ತೊಳೆದೆವು. ಅದಕ್ಕೆ ಸತ್ತಿತು. ತೊಳೆದವಳು ಕಾಡವ್ವ. ತೊಳೆಯಲು ಹೇಳಿದವರು ಗೌರೀಶ ಸಾಹೇಬರು.' ತನ್ನ ಹೆಸರಿನ ಮುಂದೆ ಸಹಿ ಹಾಕಿದಳು. ಪುಸ್ತಕವನ್ನು ಅವನ ಕಡೆ ತಿರುಗಿಸಿ ಪೆನ್ನನ್ನು ಅವನ ಕೈಗೆ ಕೊಟ್ಟಳು.

'ಈಗ ನೀವು ಹಾಕ್ರಿ,' ಎಂದಳು.